ಚಿಲ್ಲರೆ ಬಾಕಿ

ಪಿಎಚ್.ಡಿ. ಮಾಡುತ್ತಿರುವವನು ಮನೆಯವರ ಲೆಕ್ಕದಲ್ಲಿ ಯಾವಾಗಲೂ ಬಿಡುವಾಗಿರುವವನು. ಮದುವೆಮನೆಯಲ್ಲಿ ರೂಮಿನ ಬೀಗದಕೈ ಇಟ್ಟುಕೊಳ್ಳಲು, ಗ್ಯಾಸ್ ಸಿಲಿಂಡರ್ ಬರುವ ದಿನ ಮನೆಯಲ್ಲಿರಲು, ಅಮ್ಮನ ಕಣ್ಣಿನ ಆಪರೇಷನ್ನಿಗೆ ಜೊತೆಗೆ ಹೋಗಲು ಎಲ್ಲರಿಗೂ ಮೊದಲು ನೆನಪಾಗುವುದು ನಾನೇ. ಹಾಗಾಗಿ ಬೆಂಗಳೂರಿನಿಂದ ಅಕ್ಕ ಫೋನು ಮಾಡಿ, “ಮುಂದಿನ ತಿಂಗಳು ಪಾಪುಗೆ ಆರು ತುಂಬುತ್ತೆ ಕಣೋ, ನೀನೇ ಮುಂದೆ ನಿಂತು ಮಾಡಿಸ್ಬೇಕು” ಎಂದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ಆಶ್ಚರ್ಯವಾದದ್ದು ಮುಂದಿನ ಪ್ರಶ್ನೆಗೆ.

“ಥೀಮ್ ಏನು ಇಡೋಣ?”

ನನ್ನ ಗೈಡು ಇದೇ ಪ್ರಶ್ನೆ ಕೇಳಿ ಆಗಲೇ ಆರು ತಿಂಗಳಾಗಿತ್ತು. ಅವರಿಗೇ ಉತ್ತರ ಕೊಟ್ಟಿರಲಿಲ್ಲ.

ಅಕ್ಕ ಒಬ್ಬ ಈವೆಂಟ್ ಪ್ಲಾನರ್ ಕಳಿಸಿದ್ದ ಪಟ್ಟಿಯನ್ನು ನನಗೆ ವಾಟ್ಸಾಪ್ ಮಾಡಿದಳು. ಕಾಡು, ಬಾಹ್ಯಾಕಾಶ, ಕಡಲ್ಗಳ್ಳರು, ಡೈನೋಸಾರ್, ಸೂಪರ್ ಹೀರೋ. ಒಂದೊಂದಕ್ಕೂ ಒಂದೊಂದು ಪ್ಯಾಕೇಜು. ಬಲೂನಿನ ಕಮಾನು, ಹಿಂದೆ ಫ್ಲೆಕ್ಸು, ಅದೇ ಬಣ್ಣದ ತಟ್ಟೆ ಲೋಟ, ಅದೇ ಆಕಾರದ ಕೇಕು, ಹೋಗುವಾಗ ಮಕ್ಕಳ ಕೈಗೆ ಕೊಡಲು ಅದಕ್ಕೇ ಹೊಂದುವ ಉಡುಗೊರೆ. ಅತಿ ಕಡಿಮೆಯದ್ದಕ್ಕೆ ಇಪ್ಪತ್ತೆಂಟು ಸಾವಿರ. ನನ್ನ ಫೆಲೋಶಿಪ್ಪು ಬಂದು ನಾಲ್ಕು ತಿಂಗಳಾಗಿದ್ದರಿಂದ ಆ ಸಂಖ್ಯೆಯನ್ನು ನಾನು ಸ್ವಲ್ಪ ಹೊತ್ತು ಗೌರವದಿಂದ ನೋಡಿದೆ.

“ಅವನನ್ನೇ ಕೇಳು” ಎಂದೆ.

“ಕೇಳ್ದೆ. ಬಸ್ಸಂತೆ.”

“ಒಳ್ಳೇದಲ್ವಾ?”

“ಕೆಂಪು ಬಸ್ಸು ಕಣೋ. ತಾತನ ಬಸ್ಸು.” ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಅಪಾರ್ಟ್‌ಮೆಂಟಿನವರೆಲ್ಲ ಬರ್ತಾರೆ” ಎಂದಳು ಆಮೇಲೆ.

ನಮ್ಮಪ್ಪ ಸರ್ಕಾರಿ ಬಸ್ಸಿನಲ್ಲಿ ಮೂವತ್ನಾಲ್ಕು ವರ್ಷ ಕಂಡಕ್ಟರ್ ಆಗಿದ್ದವರು. ನಮ್ಮೂರು ಕಿಕ್ಕೇರಿಯ ಪಕ್ಕದ ಹಳ್ಳಿ. ಅಪ್ಪ ಹೆಚ್ಚು ಕಾಲ ಇದ್ದದ್ದು ಚನ್ನರಾಯಪಟ್ಟಣದಿಂದ ಕೆ.ಆರ್.ಪೇಟೆಯ ಮೇಲೆ ಮೈಸೂರಿಗೆ ಹೋಗುವ ರೂಟಿನಲ್ಲಿ. 2018ರ ಮೇ 31ರಂದು ನಿವೃತ್ತರಾದರು. ಪಾಪು ಬೇಸಿಗೆ ರಜಕ್ಕೆ ಊರಿಗೆ ಹೋದಾಗಲೆಲ್ಲ ತಾತನ ಕೈಹಿಡಿದು ಸಂಜೆ ಸರ್ಕಲ್ಲಿಗೆ ಹೋಗುತ್ತಾನೆ. ಬಸ್ಸು ಬರುತ್ತದೆ, ಹಳೆಯ ಪರಿಚಯದ ಡ್ರೈವರ್ ಯಾರಾದರೂ ಇದ್ದರೆ ಹಾರ್ನ್ ಹೊಡೆಯುತ್ತಾನೆ. ಆರು ವರ್ಷದ ಹುಡುಗನಿಗೆ ತನ್ನ ತಾತನನ್ನು ಕಂಡು ಇಡೀ ಬಸ್ಸು ನಮಸ್ಕಾರ ಮಾಡಿದಂತೆ ಕಾಣುತ್ತದೆ. ಅವನ ಪಾಲಿಗೆ ಗಗನಯಾತ್ರಿಗಿಂತ ಇದು ದೊಡ್ಡದು.

ನಾನು ಸಂಶೋಧನೆ ಮಾಡುತ್ತಿರುವುದು ಕನ್ನಡದ ಆತ್ಮಕಥೆಗಳಲ್ಲಿ ಬಾಲ್ಯದ ಬಗ್ಗೆ. ಹುಟ್ಟಿದ ತಾರೀಖನ್ನು ಅನುಮಾನದಿಂದಲೇ ಹೇಳಿ ಕಥೆ ಶುರುಮಾಡುವವರು ಅವುಗಳಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಮನೆಯಲ್ಲಿ ಹೇಳುವುದು ಒಂದು, ಸ್ಕೂಲಿನ ದಾಖಲೆಯಲ್ಲಿರುವುದು ಇನ್ನೊಂದು. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕೂ ಮುಂಚೆ ಹಳ್ಳಿಯಲ್ಲಿ ಹುಟ್ಟಿದ ಎಷ್ಟೋ ಮಕ್ಕಳ ಹುಟ್ಟುಹಬ್ಬವನ್ನು ನಿರ್ಧರಿಸಿದವರು ಹೆತ್ತವರಲ್ಲ, ಒಂದನೇ ಕ್ಲಾಸಿಗೆ ಸೇರಿಸಿಕೊಂಡ ಮೇಷ್ಟ್ರು. ಶಾಲೆ ಶುರುವಾಗುವುದು ಜೂನ್‌ನಲ್ಲಿ. ಆದ್ದರಿಂದ ಜೂನ್ ಒಂದು ಎಂದು ಬರೆದುಬಿಟ್ಟರೆ ವಯಸ್ಸಿನ ಲೆಕ್ಕ ಸರಿಹೋಗುತ್ತಿತ್ತು. ಅಪ್ಪನದೂ ಹಾಗೇ, 1-6-1958. ನಮ್ಮಜ್ಜಿ ಮಾತ್ರ ಸಾಯುವತನಕ, “ಕೆರೆ ಕೋಡಿ ಬಿದ್ದ ವರ್ಷ, ಗೌರಿ ಹಬ್ಬ ಆಗಿ ಮೂರು ದಿನಕ್ಕೆ ಹುಟ್ಟಿದ್ದು ನನ್ನ ಮಗ” ಎನ್ನುತ್ತಿದ್ದರು. ಆ ಲೆಕ್ಕದ ಪ್ರಕಾರ ಅಪ್ಪ ಒಂದು ವರ್ಷವೋ ಎರಡು ವರ್ಷವೋ ಹೆಚ್ಚು ದುಡಿದರು. ತಿಂಗಳ ಮೊದಲನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಗೇ ನಿವೃತ್ತರಾಗಬೇಕಾದ್ದರಿಂದ ಒಂದು ದಿನ ಕಡಿಮೆ ದುಡಿದರು. ಅಪ್ಪನ ಹುಟ್ಟುಹಬ್ಬದಿಂದ ನಮ್ಮ ಮನೆಗೆ ಆದ ಲಾಭ ನಷ್ಟ ಇಷ್ಟೇ. ಯಾರೂ ಯಾವತ್ತೂ ಪಾಯಸ ಮಾಡಲಿಲ್ಲ.

ಅಕ್ಕನಿಗೂ ನನಗೂ ಹುಟ್ಟುಹಬ್ಬವೆಂದರೆ ಬೆಳಿಗ್ಗೆ ಎಣ್ಣೆನೀರು, ಹೊಸ ಬಟ್ಟೆ, ಸ್ಕೂಲಿನಲ್ಲಿ ಹಂಚಲು ಒಂದು ಪ್ಯಾಕೆಟ್ ಚಾಕೊಲೇಟು. ಅದಕ್ಕೆ ಥೀಮ್ ಇರಲಿಲ್ಲ. ಅಪ್ಪ ನೈಟ್ ಹಾಲ್ಟ್ ಮುಗಿಸಿ ಬರುವಾಗ ಮೈಸೂರಿನಿಂದ ಏನಾದರೂ ತಂದರೆ ಅದು ವಿಶೇಷ.

ಕೊನೆಗೆ ಗೆದ್ದದ್ದು ಪಾಪು. ಅವನು ಎರಡು ದಿನ ಸರಿಯಾಗಿ ಮಾತಾಡಲಿಲ್ಲವಂತೆ. “ಸರಿ, ಬಸ್ಸೇ ಇರಲಿ. ಆದರೆ ನೀಟಾಗಿರಬೇಕು” ಎಂದಳು ಅಕ್ಕ. ಪ್ಲಾನರ್ ಬಳಿ ಲಂಡನ್ನಿನ ಡಬಲ್ ಡೆಕ್ಕರ್ ಇತ್ತು, ಅಮೆರಿಕದ ಹಳದಿ ಸ್ಕೂಲ್ ಬಸ್ಸಿತ್ತು, ನಮ್ಮ ಕೆಂಪು ಬಸ್ಸು ಇರಲಿಲ್ಲ. ಹಾಗಾಗಿ ಕೆಲಸ ನನ್ನ ತಲೆಗೆ ಬಿತ್ತು. ಥೀಸಿಸ್ಸಿನ ಎರಡನೇ ಅಧ್ಯಾಯ ಬಿಟ್ಟು ಫ್ರಿಜ್ಜಿನ ರಟ್ಟಿನ ಡಬ್ಬಗಳನ್ನು ಹುಡುಕಿಕೊಂಡು ಅಂಗಡಿ ಅಂಗಡಿ ಅಲೆದೆ. ಕೆಂಪು ಬಣ್ಣ ಬಳಿದೆ. ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಕುರ್ಚಿಗಳನ್ನು ಒಂದು ಕಡೆ ಮೂರು, ಇನ್ನೊಂದು ಕಡೆ ಎರಡರಂತೆ ಜೋಡಿಸಿ ನಡುವೆ ಓಡಾಡಲು ದಾರಿ ಬಿಡುವುದೆಂದು ಚಿತ್ರ ಬರೆದುಕೊಂಡೆ. ಉದ್ದಕ್ಕೆ ಒಂದು ಹಗ್ಗ, ಅದರ ತುದಿಗೆ ಗಂಟೆ. ಕಡಲೆಕಾಯಿಗೆ ಪೇಪರ್ ಪೊಟ್ಟಣ, ಉಪ್ಪುಖಾರ ಹಚ್ಚಿದ ಸೌತೆಕಾಯಿ, ಮದ್ದೂರು ವಡೆ. ಆಟಕ್ಕೂ ಪರದಾಡಬೇಕಾಗಲಿಲ್ಲ. ಹಾಡು ನಿಂತ ಕೂಡಲೇ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುವುದು. ನಮ್ಮ ಸೀಮೆಯಲ್ಲಿ ಬೆಳೆದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಉಳಿದದ್ದು ಕಂಡಕ್ಟರು. ಅಪ್ಪನಿಗೆ ಫೋನು ಮಾಡಿ, “ಖಾಕಿ ಹಾಕ್ಕೊಂಡು ನೀವೇ ಟಿಕೆಟ್ ಕೊಡಿ, ಪಾಪು ಕುಣಿದಾಡ್ಬಿಡ್ತಾನೆ” ಎಂದೆ. ನನ್ನ ಮಟ್ಟಿಗೆ ಅದು ಬಹಳ ಒಳ್ಳೆಯ ಐಡಿಯಾ ಆಗಿತ್ತು.

ಅಪ್ಪ ಕೆಮ್ಮಿದರು. “ಬಸ್ಸು ಮಾಡ್ರಪ್ಪ. ನಾನು ಬಂದು ಕೂತ್ಕತೀನಿ. ವೇಷ ಬ್ಯಾಡ.”

“ವೇಷ ಅಲ್ಲ ಅಪ್ಪ, ಸುಮ್ನೆ...”

“ಇಲ್ದೇ ಇರೋದನ್ನ ಹಾಕ್ಕಂಡ್ರೆ ವೇಷ. ನಾನು ಅಷ್ಟು ವರ್ಷ ಹಾಕ್ಕಂಡಿದ್ದು ವೇಷ ಅಲ್ವಲ್ಲ.”

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಸೆಮಿನಾರುಗಳಲ್ಲಿ ದುಡಿಮೆಯ ಘನತೆ ಎಂದು ಗಂಟೆಗಟ್ಟಲೆ ಮಾತಾಡುವ ನಾನು, ಅಪ್ಪನ ದುಡಿಮೆಯನ್ನು ಕೇಕಿನ ಪಕ್ಕ ನಿಲ್ಲಿಸಲು ಹೊರಟಿದ್ದೆ. ಕಡಲ್ಗಳ್ಳನ ಟೋಪಿ ಹಾಕಿದರೆ ಯಾರಿಗೂ ನೋವಾಗುವುದಿಲ್ಲ, ನಮ್ಮ ಮನೆಯಲ್ಲಿ ಯಾರೂ ಕಡಲ್ಗಳ್ಳರಾಗಿರಲಿಲ್ಲ. ಆ ಪಟ್ಟಿಯಲ್ಲಿದ್ದದ್ದೆಲ್ಲ ಅಂಥವೇ, ನಮ್ಮಲ್ಲಿ ಯಾರೂ ಬದುಕದ ಬದುಕುಗಳು. ಅದಕ್ಕೇ ಅವು ಅಷ್ಟು ಹಗುರ. ಕೊನೆಗೆ ನಾನೇ ಕಂಡಕ್ಟರ್ ಆಗುವುದೆಂದಾಯಿತು.

ಹಿಂದಿನ ರಾತ್ರಿ ಅಕ್ಕ, ನಾನು ಊಟದ ಟೇಬಲ್ಲಿನ ಮೇಲೆ ಟಿಕೆಟ್ ಕತ್ತರಿಸುತ್ತ ಕೂತಿದ್ದೆವು. ಈಗಿನ ಮೆಷಿನ್ ಟಿಕೆಟ್ ಅಲ್ಲ, ಅಪ್ಪನ ಹಳೆಯ ಕಾಲದ್ದು. ಒಂದೊಂದು ದರಕ್ಕೆ ಒಂದೊಂದು ಬಣ್ಣದ ಚೀಟಿ. ನಾನು ನಂಬರು ಬರೆಯುತ್ತಿದ್ದೆ, ಅಕ್ಕ ಪಿನ್ನು ಹೊಡೆದು ಕಟ್ಟು ಮಾಡುತ್ತಿದ್ದಳು. ಅಪ್ಪ ಅಮ್ಮ ಒಳಗೆ ಮಲಗಿದ್ದರು. ಅಕ್ಕ ತಲೆ ಎತ್ತದೆ ಹೇಳಿದಳು.

“ನಾನು ಫಸ್ಟ್ ಪಿಯುಸಿಲಿದ್ದಾಗ ಒಂದಿನ ಸಂಜೆ ಅಪ್ಪನ ಬಸ್ಸೇ ಸಿಕ್ತು.”

2006ರ ಮಾತಿರಬೇಕು. ನಾನಾಗ ನಾಲ್ಕನೇ ಕ್ಲಾಸು. ಅಕ್ಕ ಕೆ.ಆರ್.ಪೇಟೆಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಅವತ್ತು ಜೊತೆಯಲ್ಲಿ ಹೊಸ ಗೆಳತಿಯರಿದ್ದರು. ಬಸ್ಸು ಕಿಕ್ಕಿರಿದಿತ್ತು. ಮುಂದೆ ಯಾರೋ ಒಬ್ಬ ಒಂದು ರೂಪಾಯಿ ಚಿಲ್ಲರೆಗೆ ಜಗಳ ತೆಗೆದು, ಎಲ್ಲರೆದುರು ಅಪ್ಪನನ್ನು ಕಳ್ಳ ಎಂದ. ಅಪ್ಪನ ಅಂಗಿಯ ಕಾಲರಿಗೆ ಕೈ ಹಾಕಿದ. ಗೆಳತಿಯರಲ್ಲಿ ಒಬ್ಬಳು ನಕ್ಕು, “ಈ ಕಂಡಕ್ಟರ್‌ಗಳೇ ಹಿಂಗೆ” ಎಂದಳು. ಅಕ್ಕ ಕಿಟಕಿಯ ಕಡೆ ತಿರುಗಿಕೊಂಡಳು.

“ಅಪ್ಪ ನಮ್ಮ ಸೀಟ್ ಹತ್ರ ಬಂದ್ರು. ನನ್ನ ನೋಡಿದ್ರು. ಪಕ್ಕದಲ್ಲಿ ಕೂತಿದ್ದೋರನ್ನೂ ನೋಡಿದ್ರು. ಆಮೇಲೆ...” ಅಕ್ಕ ಸ್ಟೇಪ್ಲರ್ ಕೆಳಗಿಟ್ಟಳು. “‘ಪಾಸ್ ತೋರ್ಸಿ’ ಅಂದ್ರು ಕಣೋ. ನನಗೆ, ‘ತೋರ್ಸಿ’ ಅಂತ. ನಾನು ತೋರಿಸ್ದೆ. ಅವರು ನೋಡಿ ವಾಪಸ್ ಕೊಟ್ಟು ಮುಂದಕ್ಕೆ ಹೋದ್ರು.”

ಅವತ್ತು ರಾತ್ರಿ ಮನೆಗೆ ಬಂದ ಅಪ್ಪ ಏನನ್ನೂ ಕೇಳಲಿಲ್ಲವಂತೆ. ಇವಳೂ ಹೇಳಲಿಲ್ಲ. ಆಮೇಲೆ ಇವಳು ಅಪ್ಪನ ಡ್ಯೂಟಿ ನೋಡಿಕೊಂಡು ಹಿಂದಿನ ಬಸ್ಸಿಗೋ ಮುಂದಿನ ಬಸ್ಸಿಗೋ ಹತ್ತುತ್ತಿದ್ದಳು. ಎಂಜಿನಿಯರಿಂಗ್ ಆಯಿತು, ಕೆಲಸ, ಮದುವೆ, ಮನೆ, ಮಗು. ಇಷ್ಟು ವರ್ಷ ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ನಾನು ಸಮಾಧಾನಕ್ಕೆಂದು, “ಚಿಕ್ಕವಳಿದ್ದೆ ಬಿಡು” ಎಂದೆ. ಅವಳಿಗೆ ಅದು ಬೇಕಿರಲಿಲ್ಲ. “ಪಾಪು ಬಸ್ಸು ಅಂದಾಗ ಅವನ ಮೇಲೆ ರೇಗಿದ್ದೆ” ಎಂದಷ್ಟೇ ಹೇಳಿ ಮತ್ತೆ ಪಿನ್ನು ಹೊಡೆಯತೊಡಗಿದಳು.

ಮರುದಿನ ಸಂಜೆ ಇಪ್ಪತ್ತೆರಡು ಮಕ್ಕಳು ಬಂದರು. ರಟ್ಟಿನ ಬಸ್ಸು ಮುಂಭಾಗದಿಂದ ನೋಡಲು ಚೆನ್ನಾಗಿತ್ತು, ಪಕ್ಕದಿಂದ ನೋಡಬಾರದಿತ್ತು. ಪಾಪು ಡ್ರೈವರು. ನಾನು ಬಾಡಿಗೆ ಖಾಕಿ ತೊಟ್ಟು, ಹೆಗಲಿಗೆ ಚೀಲ ಹಾಕಿಕೊಂಡು ಟಿಕೆಟ್ ಕೊಡಲು ನಿಂತೆ. ಮಕ್ಕಳಿಗೆಲ್ಲ ಮೊದಲೇ ಆಟದ ನೋಟು ಹಂಚಿದ್ದೆವು. ಎರಡೇ ನಿಮಿಷ. ಒಬ್ಬ ಐವತ್ತು ಕೊಟ್ಟ, ಇನ್ನೊಬ್ಬಳು ನೂರು ಕೊಟ್ಟಳು, ಮೂವರು ಒಟ್ಟಿಗೆ ಚಿಲ್ಲರೆ ಕೇಳಿದರು. ಒಬ್ಬ ಹಗ್ಗ ಜಗ್ಗಿ ಜಗ್ಗಿ ಗಂಟೆ ಬಡಿಯುತ್ತಿದ್ದ. ಯಾರಿಗೆ ಕೊಟ್ಟೆ, ಯಾರಿಗೆ ಇಲ್ಲ ಒಂದೂ ಗೊತ್ತಾಗದೆ ಬಾಗಿಲಲ್ಲಿ ಬೆವರುತ್ತ ನಿಂತೆ. ಆಗ ಹಿಂದಿನ ಸೀಟಿನಿಂದ ದನಿ ಕೇಳಿತು.

“ಹಂಗಲ್ಲ ಕಣಪ್ಪ.”

ಅಪ್ಪ ಎದ್ದು ಬಂದರು. ಬಿಳಿ ಪಂಚೆ, ಬಿಳಿ ಅಂಗಿ. ನನ್ನ ಹೆಗಲಿನಿಂದ ಚೀಲ ತೆಗೆದು ತಮ್ಮ ಹೆಗಲಿಗೆ ಹಾಕಿಕೊಂಡರು. ಟಿಕೆಟಿನ ಕಟ್ಟನ್ನು ಎಡಗೈಗೆ ತೆಗೆದುಕೊಂಡರು. ಚಲಿಸದ ಬಸ್ಸಿನಲ್ಲೂ ಕಾಲು ಅಗಲಿಸಿ, ಸೊಂಟವನ್ನು ಸೀಟಿಗೆ ಆನಿಸಿ ನಿಂತರು. “ಒಂದ್ ಗಂಟೆ ಹೊಡುದ್ರೆ ನಿಲ್ಲುಸು ಅಂತ, ಎರಡು ಹೊಡುದ್ರೆ ಹೋಗು ಅಂತ. ಸುಮ್‌ಸುಮ್ನೆ ಹೊಡುದ್ರೆ ಡ್ರೈವರ್‌ಗೆ ಸಿಟ್ಟು ಬತ್ತದೆ” ಎಂದು ಗಂಟೆಯ ಹುಡುಗನಿಗೆ ಹೇಳಿದರು. ಅವನು ಹಗ್ಗ ಬಿಟ್ಟ. “ಯಾರ್ರೀ ಟಿಕೆಟ್?”

ಆ ದನಿಗೆ ಹಾಲು ನಿಶ್ಶಬ್ದವಾಯಿತು. ಆಮೇಲೆ ಅಪ್ಪ ಮುಂದಿನಿಂದ ಹಿಂದಕ್ಕೆ ಸೀಟು ಸೀಟಾಗಿ ಹೋದರು. ಯಾರು ಎಲ್ಲಿ ಇಳಿಯಬೇಕೆಂದು ಪ್ರತಿ ಮಗುವನ್ನೂ ಕೇಳಿದರು. ಸಿಂಗಪುರ ಎಂದವನಿಗೆ, “ಡೈರೆಕ್ಟ್ ಇಲ್ಲ, ಪಾಂಡವಪುರದಲ್ಲಿ ಇಳಿದು ಬದಲಾಯ್ಸು” ಎಂದರು. ಚಿಲ್ಲರೆ ಇಲ್ಲದಾಗ ಟಿಕೆಟಿನ ಹಿಂದೆ ಬಾಕಿ ಬರೆದು ಸುತ್ತ ಗೆರೆ ಎಳೆದುಕೊಟ್ಟು, “ಇಳಿಯುವಾಗ ಇಸ್ಕೊ” ಎಂದರು. ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯವರು, “ನಮಗೆ ಫ್ರೀ ಅಲ್ವಾ ಅಂಕಲ್?” ಎಂದು ನಕ್ಕರು. “ಫ್ರೀ ಆದ್ರೂ ಟಿಕೆಟ್ ತಗೋಬೇಕಮ್ಮ” ಎಂದು ಅಪ್ಪ ಒಂದು ಹರಿದು ಕೊಟ್ಟರು. ಶಕ್ತಿ ಯೋಜನೆ ಬಂದದ್ದು 2023ರ ಜೂನ್‌ನಲ್ಲಿ, ಅಪ್ಪ ನಿವೃತ್ತರಾಗಿ ಐದು ವರ್ಷದ ಮೇಲೆ. ಅವರ ಕೈಯಿಂದ ಹೋದ ಮೊದಲ ಶೂನ್ಯ ಟಿಕೆಟು ಅದೇ ಇರಬೇಕು.

ಕೊನೆಯ ಸಾಲಿನಲ್ಲಿ ಅಕ್ಕ ಕೂತಿದ್ದಳು. ಅಪ್ಪ ಬಂದು ನಿಂತರು. ಅಕ್ಕ ಪಾಪುವಿನ ಆಟದ ಹತ್ತು ರೂಪಾಯಿ ನೋಟು ಚಾಚಿ, ಸುತ್ತಲಿನವರಿಗೆಲ್ಲ ಕೇಳುವ ಹಾಗೆ, “ಅಪ್ಪ, ಒಂದು ಕಿಕ್ಕೇರಿ” ಎಂದಳು. ದನಿ ಸ್ವಲ್ಪ ಹೆಚ್ಚೇ ಜೋರಾಯಿತು. ಅಪ್ಪ ಒಂದು ಕ್ಷಣ ಅವಳನ್ನು ನೋಡಿದರು. ಟಿಕೆಟ್ ಹರಿದರು, ಹಿಂದೆ ಏನೋ ಬರೆದರು, ಕೊಟ್ಟರು. “ರೈಟ್!” ಎಂದು ಕೂಗಿ ಎರಡು ಗಂಟೆ ಹೊಡೆದರು. ಪಾಪು ಬಾಯಲ್ಲೇ ಗೇರ್ ಹಾಕಿದ.

ಕೇಕು ಕತ್ತರಿಸಿದ ಮೇಲೆ ಪಾಪು ಕೇಳಿದ, “ತಾತ, ನಿನ್ನ ಬರ್ತ್‌ಡೇ ಯಾವಾಗ?”

“ಜೂನ್ ಒಂದು. ನಮ್ ಮೇಷ್ಟ್ರು ಕೊಟ್ಟಿದ್ದು.” ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ಮಾತ್ರ ತಮ್ಮ ಕಾಲದಲ್ಲಿ ಸ್ಕೂಲಿಗೆ ಸೇರಿಸಿಕೊಳ್ಳುತ್ತಿದ್ದರೆಂದು ಅಪ್ಪ ಹೇಳಿದ್ದೇ ತಡ, ಅಷ್ಟೂ ಮಕ್ಕಳು ತಲೆಯ ಮೇಲೆ ಕೈ ಹಾಕಿಕೊಂಡು ಕಿವಿ ಹುಡುಕತೊಡಗಿದರು. ಪ್ಯಾಕೇಜಿನಲ್ಲಿ ಇಲ್ಲದ ಆಟ ಅದು.

“ನಿನ್ನ ಬರ್ತ್‌ಡೇಗೆ ಯಾವ ಥೀಮ್?”

“ಸ್ಕೂಲ್‌ದೇ ಮಾಡು” ಎಂದರು ಅಪ್ಪ.

ಎಲ್ಲರೂ ಹೋದ ಮೇಲೆ ನಾನು ರಟ್ಟು ಮಡಚುತ್ತಿದ್ದೆ. ಕೆಳಗೆ ಬಿದ್ದ ಟಿಕೆಟುಗಳನ್ನು ಗುಡಿಸಲು ಹೋದಾಗ ಅಪ್ಪ ತಡೆದು, ನಂಬರಿನ ಪ್ರಕಾರ ಜೋಡಿಸಿ ಎಣಿಸಿದರು. ಒಂದು ಕಡಿಮೆ ಬಂತು. ಮತ್ತೊಮ್ಮೆ ಎಣಿಸಲು ಹೊರಟವರಿಗೆ ಅಕ್ಕ, “ಅದು ನನ್ನ ಹತ್ರ ಇದೆ ಅಪ್ಪ” ಎಂದಳು. ತನ್ನ ಮೊಬೈಲಿನ ಪಾರದರ್ಶಕ ಕವರಿನ ಒಳಗೆ ಇಟ್ಟುಕೊಂಡಿದ್ದಳು. ಹಿಂಬದಿಯಲ್ಲಿ ಒಂದು ಎಂದು ಬರೆದು ಸುತ್ತ ಗೆರೆ ಎಳೆದಿತ್ತು.

ಆ ಒಂದು ರೂಪಾಯಿಯನ್ನು ಅಪ್ಪ ಬೇಕೆಂದೇ ಬರೆದರೋ, ಟಿಕೆಟಿನ ದರಕ್ಕೆ ಲೆಕ್ಕ ಹಾಕಿ ಬರೆದರೋ ನಾನು ಕೇಳಲಿಲ್ಲ. ಅಪ್ಪ ಚೀಲಕ್ಕೆ ಕೈಹಾಕಿದರು. ಅಕ್ಕ, “ಈಗ ಬೇಡ, ಇರಲಿ” ಎಂದಳು.