ಅಂಗೈ ಒಲೆಯ ಕಾಫಿ

ಬೆಟ್ಟಗುಡ್ಡ ಸುತ್ತುವ ಕಾಫಿಪ್ರಿಯರಲ್ಲಿ ಎರಡು ಮತಗಳಿವೆ. ಮನೆಯಲ್ಲೇ ಕಾಫಿ ಬೆರೆಸಿ ಫ್ಲಾಸ್ಕಿಗೆ ತುಂಬಿಕೊಂಡು ಹೊರಡುವವರದ್ದು ಒಂದು, ಹೋದ ಜಾಗದಲ್ಲಿ ಒಲೆ ಹಚ್ಚುವವರದ್ದು ಇನ್ನೊಂದು. ನಮ್ಮ ಭಾವ ಫ್ಲಾಸ್ಕ್ ಮತದ ಪೀಠಾಧಿಪತಿಗಳು. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು; ಲೆಕ್ಕ ತಾಳೆಯಾಗದ ಯಾವುದನ್ನೂ ಒಪ್ಪುವವರಲ್ಲ. "ಅಲ್ಲಯ್ಯ, ನಿಮ್ಮಕ್ಕ ಬೆಳಗಿನ ಜಾವ ಎದ್ದು ತುಂಬಿಸಿಕೊಟ್ಟ ಕಾಫಿ ಇಲ್ಲಿ ಇನ್ನೂ ಹಬೆಯಾಡ್ತಾ ಇದೆ. ನೀನು ಗಾಳಿಗೆ ಬೆನ್ನು ಕೊಟ್ಟು, ಮಂಡಿಯೂರಿ, ಕಡ್ಡಿ ಗೀರಿ ಗೀರಿ ಸಾಯ್ತೀಯಲ್ಲ, ಯಾವ ಪುರುಷಾರ್ಥಕ್ಕೆ?" ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಮಾತ್ರ ಒಂದು ಲೋಟ ಮುಗಿಯುವಷ್ಟರಲ್ಲಿ ಹೇಳಿ ಮುಗಿಸುವಂಥದ್ದಲ್ಲ.

ನನ್ನ ಒಲೆ ಅಂಗೈಯಲ್ಲಿ ಕೂರುತ್ತದೆ. ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಮುದುಡಿ ಮಲಗಿರುವ ಅದನ್ನು ಹೊರತೆಗೆದು ಒಂದೊಂದೇ ಕಾಲು ಬಿಡಿಸಿದರೆ ಮಿಡತೆಯೊಂದು ಮೈಮುರಿದು ಎದ್ದ ಹಾಗಿರುತ್ತದೆ. ಕಾಲುಗಳಿರುವುದು ನೆಲಕ್ಕಲ್ಲ, ಆಕಾಶಕ್ಕೆ; ಪಾತ್ರೆ ಕೂರುವುದು ಅವುಗಳ ಮೇಲೆ. ಬುಡದಲ್ಲೊಂದು ತಿರುಪು. ಗ್ಯಾಸ್ ತುಂಬಿದ ಗಿಡ್ಡ ಡಬ್ಬಿಗೆ ಅದನ್ನು ತಿರುಗಿಸಿ ಕೂರಿಸಿದರೆ ಡಬ್ಬಿಯೇ ಒಲೆಗೆ ಪೀಠ, ಡಬ್ಬಿಯೇ ಉಗ್ರಾಣ. ಬೆಲೆ ಐದಾರು ನೂರು ರೂಪಾಯಿ. ಪೆಟ್ಟಿಗೆಯ ಮೇಲೆ ಮಾಡಿದವರ ಹೆಸರಿಲ್ಲ, ಊರಿಲ್ಲ. ಇದೇ ಕೆಲಸಕ್ಕೆ ಟೈಟಾನಿಯಂನಲ್ಲಿ ಮಾಡಿದ, ಇದರ ಹತ್ತು ಪಟ್ಟು ಬೆಲೆಯ ಒಲೆಗಳೂ ಇವೆ. ಅವುಗಳ ತೂಕ ಕಡಿಮೆ, ಉರಿ ನಯ. ಆದರೆ ನೀರಿಗೆ ಒಲೆಯ ಕುಲಗೋತ್ರ ತಿಳಿಯುವುದಿಲ್ಲ, ಎರಡರ ಮೇಲೂ ಅದು ಒಂದೇ ಥರ ಕುದಿಯುತ್ತದೆ. ಏಕೆಂದರೆ ಇಂಥ ಒಲೆಯಲ್ಲಿ ಕೆಡುವುದಕ್ಕೆ ಹೆಚ್ಚೇನೂ ಇಲ್ಲ. ಅನಿಲ ಚಿಮ್ಮುವ ಸೂಜಿಮೊನೆಯಷ್ಟು ತೂತು, ಆ ಚಿಮ್ಮುವ ರಭಸಕ್ಕೇ ಗಾಳಿಯನ್ನು ಒಳಕ್ಕೆಳೆದುಕೊಳ್ಳುವ ಕಿಂಡಿಗಳು, ಮೇಲೆ ಎರಡೂ ಬೆರೆತು ಉರಿಯುವ ಬರ್ನರ್, ಉರಿ ಏರಿಸಿ ಇಳಿಸಲು ಬಗ್ಗಿಸಿದ ತಂತಿಯ ಹಿಡಿ. ಅಷ್ಟೇ. ಅಗ್ಗದ ಒಲೆ ದುಬಾರಿಯದಕ್ಕೆ ಸೋಲುವುದು ರಬ್ಬರ್ ಉಂಗುರದಲ್ಲಿ. ಡಬ್ಬಿಗೂ ತಿರುಪಿಗೂ ನಡುವೆ ಕೂರುವ ಆ ಪುಟ್ಟ ಕಪ್ಪು ಉಂಗುರ ಒಣಗಿ ಬಿರುಕು ಬಿಟ್ಟರೆ ಗ್ಯಾಸ್ ಸೋರುತ್ತದೆ. ಆದ್ದರಿಂದ ಹಚ್ಚುವ ಮೊದಲು ಸೋಪಿನ ನೊರೆ ಸವರಿ ಗುಳ್ಳೆ ಏಳುತ್ತದೆಯೇ ನೋಡುವುದು ನನ್ನ ಸಂಧ್ಯಾವಂದನೆ.

ಕಡ್ಡಿ ಬೇಡವೆಂದು ಒಲೆಯ ಪಕ್ಕ ಕಿಡಿ ಹಾರಿಸುವ ಗುಂಡಿಯೊಂದನ್ನೂ ಕೊಟ್ಟಿರುತ್ತಾರೆ. ಅದರೊಳಗಿರುವುದು ಒಂದು ಹರಳು. ಬಡಿದರೆ ವಿದ್ಯುತ್ ಹುಟ್ಟುತ್ತದೆ. ಹರಳುಗಳ ಈ ಗುಣವನ್ನು 1880ರಲ್ಲಿ ಪ್ಯಾರಿಸ್ಸಿನ ಕ್ಯೂರಿ ಸಹೋದರರು ಕಂಡುಕೊಂಡರು. ಅವರು ಚಿಕ್ಕಮಗಳೂರಿನ ಮಂಜು ಕಂಡವರಲ್ಲ. ಇಲ್ಲಿ ಬೆಳಗಿನ ಹೊತ್ತು ಗುಂಡಿ ಟಕ್ ಟಕ್ ಎನ್ನುತ್ತದೆಯೇ ಹೊರತು ಕಿಡಿ ಹಾರುವುದಿಲ್ಲ. ಬೆಂಕಿಪೊಟ್ಟಣವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗಿಯ ಒಳಜೇಬಿನಲ್ಲಿಟ್ಟುಕೊಳ್ಳುವುದೇ ಸರಿ.

ಚಿಕ್ಕಮಗಳೂರಿನ ಆಚೆ ಗೆಳೆಯರೊಬ್ಬರ ತೋಟವಿದೆ. ಅದರ ಮೇಲ್ತುದಿಯಲ್ಲಿ ಕಾಫಿ ಗಿಡಗಳು ಮುಗಿದು ಹುಲ್ಲು ಶುರುವಾಗುವ ಕಡೆ ಒಂದು ಹಾಸುಬಂಡೆ. ಎದುರಿಗೆ ಮುಳ್ಳಯ್ಯನಗಿರಿಯ ಸಾಲು. ಒಲೆ ಹೂಡುವುದಕ್ಕೆ ಆ ಬಂಡೆಯ ಮಗ್ಗುಲಲ್ಲಿ ಒಂದು ತಗ್ಗಿದೆ, ಹೇಳಿ ಮಾಡಿಸಿದ್ದು. ಗಾಳಿ ಪಡುವಣದಿಂದ ಬಂದರೆ ಬಂಡೆಯೇ ತಡೆ, ಮೂಡಣದಿಂದ ಬಂದರೆ ಭಾವನವರ ಶರೀರ. ಗಾಳಿಗೆ ಮರೆ ಬೇಕೆಂದು ಒಲೆಯ ಸುತ್ತ ತಗಡನ್ನು ಬಿಗಿಯಾಗಿ ಸುತ್ತಿಬಿಡುವವರಿದ್ದಾರೆ. ಆಗ ಶಾಖವೆಲ್ಲ ಕೆಳಗಿನ ಡಬ್ಬಿಗೆ ಹೊಡೆದು ಅದು ಸಿಡಿಯುವ ಅಪಾಯವುಂಟು. ಡೇರೆಯೊಳಗೆ ಹಚ್ಚುವುದು ಅದಕ್ಕಿಂತ ಕೆಟ್ಟದ್ದು, ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ. ಇನ್ನು ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗೆ ಒಲೆಯ ಮಾತೇ ಎತ್ತಬಾರದು. ಶಿವರಾತ್ರಿ ಕಳೆದ ಮೇಲೆ ನಮ್ಮ ಬೆಟ್ಟಗಳ ಬೋಳು ನೆತ್ತಿಯ ಹುಲ್ಲು ಒಂದು ಕಿಡಿಗೆ ಕಾದು ಕೂತಿರುತ್ತದೆ. ಅಲ್ಲಿ ನಾನೂ ಭಾವನವರ ಮತಕ್ಕೆ ಸೇರಿದವನೇ. ತೋಟದ ಯಜಮಾನರ ಅಪ್ಪಣೆ ಇರುವ, ಸುತ್ತ ಹುಲ್ಲಿಲ್ಲದ ಬರಿ ಬಂಡೆಯ ಮೇಲೆ ಮಾತ್ರ ನನ್ನ ಒಲೆಯ ಪ್ರತಾಪ.

ಮಾಡುವುದು ಬೆಲ್ಲದ ಕಾಫಿ. ಫಿಲ್ಟರ್ ಹೊತ್ತು ತಂದು, ಡಿಕಾಕ್ಷನ್ ತೊಟ್ಟಿಕ್ಕುವವರೆಗೆ ಕಾದು, ಹಾಲು ಕಾಯಿಸಿ ಬೆರೆಸುವ ಶೋಕಿಯನ್ನೂ ಮಾಡಿ ನೋಡಿದ್ದುಂಟು. ಆದರೆ ಈ ಒಲೆಯ ಉರಿ ಕಾಸಿನಗಲ. ಪಾತ್ರೆಯ ನಟ್ಟನಡುವೆ ಮಾತ್ರ ತಾಗುತ್ತದೆ. ನೀರು ಅದನ್ನು ಸಹಿಸುತ್ತದೆ, ಹಾಲು ಸಹಿಸುವುದಿಲ್ಲ, ತಳ ಹಿಡಿದು ಸೀದ ವಾಸನೆ ಕೊಡುತ್ತದೆ. ಮೇಲಾಗಿ ಬೆಲ್ಲ ಹಾಕಿ ಹಾಲು ಕುದಿಸಿದರೆ ಒಡೆಯುವುದೂ ಉಂಟು. ಬೆಲ್ಲದ ಕರಿಕಾಫಿಗೆ ಈ ಯಾವ ತಾಪತ್ರಯವೂ ಇಲ್ಲ. ಮಲೆನಾಡಿನವರು, ಕೊಡಗಿನವರು ಅದನ್ನು ಕುಡಿದೇ ಮಳೆಗಾಲ ಕಳೆದವರು. ಎರಡು ಲೋಟ ನೀರಿಗೆ ಅಡಿಕೆ ಗಾತ್ರದ ನಾಲ್ಕು ಬೆಲ್ಲದ ಚೂರು. ಬೆಲ್ಲ ಕರಗಿ ನೀರು ಮಣ್ಣಿನ ಬಣ್ಣಕ್ಕೆ ತಿರುಗಿ ಕುದಿಯುವಾಗ ಒಲೆ ಆರಿಸಬೇಕು. ಆಮೇಲೆ ಪುಡಿ, ಆಮೇಲೆಯೇ. ಪುಡಿ ಹಾಕಿ ಕುದಿಸಿದರೆ ಕಹಿ. ಮುಚ್ಚಿಟ್ಟು, ನಾಲ್ಕು ಮಾತಾಡಿ, ಮುಚ್ಚಳ ತೆಗೆದು ಅಂಗೈಯಿಂದ ಒಂದಿಷ್ಟು ತಣ್ಣೀರು ಚಿಮುಕಿಸಿದರೆ ತೇಲುತ್ತಿದ್ದ ಚರಟ ಸುಮ್ಮನೆ ತಳಕ್ಕಿಳಿಯುತ್ತದೆ. ಬಟ್ಟೆಯಲ್ಲಿ ಸೋಸಬಹುದು. ನಾನು ಸೋಸುವುದಿಲ್ಲ, ಇಕ್ಕಳದಲ್ಲಿ ಪಾತ್ರೆ ಹಿಡಿದು ನಿಧಾನವಾಗಿ ಬಗ್ಗಿಸುತ್ತೇನೆ, ಕೊನೆಯ ಗುಟುಕನ್ನು ಬಂಡೆಗೆ ಬಿಡುತ್ತೇನೆ.

ನೀರು ಕಾಯುವ ಆ ಹೊತ್ತಿನಲ್ಲಿ ಒಲೆ ಗುರ್ರೆನ್ನುತ್ತದೆ, ತನ್ನ ಗಾತ್ರಕ್ಕೆ ಮೀರಿದ ಸದ್ದು. ಈ ಸದ್ದು ನಮ್ಮ ಪೀಳಿಗೆಯವರಿಗೆ ಹೊಸದಲ್ಲ. ಹಿತ್ತಾಳೆ ಹೊಟ್ಟೆಯ ಪಂಪ್ ಸ್ಟೌ ಇದ್ದ ಮನೆಗಳಲ್ಲಿ ಬೆಳಗಾಗುತ್ತಿದ್ದುದೇ ಈ ಸದ್ದಿಗೆ. ಸ್ಪಿರಿಟ್ ಸುರಿದು ತಲೆ ಬಿಸಿ ಮಾಡಿ, ಪಂಪ್ ಹೊಡೆದು, ತೂತು ಕಟ್ಟಿಕೊಂಡರೆ ತಗಡಿನ ತುದಿಯ ಪಿನ್ನಿನಿಂದ ಚುಚ್ಚಿ, ಅದು ಹಳದಿಯಾಗಿ ಭುಗ್ಗೆಂದು ಉರಿದು ಮನೆಯವರೆಲ್ಲ ಹಿಂದೆ ಸರಿದು, ಕೊನೆಗೆ ನೀಲಿಗೆ ತಿರುಗಿ ಗುರ್ ಎಂದಾಗ ಅಡುಗೆಮನೆ ಉಸಿರು ಬಿಡುತ್ತಿತ್ತು. ಅದರ ಮೂಲಪುರುಷ ಪ್ರೈಮಸ್. 1892ರಲ್ಲಿ ಸ್ವೀಡನ್ನಿನ ಫ್ರಾನ್ಸ್ ವಿಲ್‌ಹೆಲ್ಮ್ ಲಿಂಡ್‌ಕ್ವಿಸ್ಟ್ ಮಾಡಿದ, ಮಸಿ ಹಿಡಿಯದ ಸೀಮೆಎಣ್ಣೆ ಒಲೆ. ಅಮುಂಡ್ಸೆನ್ ಅದನ್ನು ದಕ್ಷಿಣ ಧ್ರುವಕ್ಕೆ ಒಯ್ದ. 1953ರ ಮೇ 29ರ ಬೆಳಿಗ್ಗೆ ಎವರೆಸ್ಟಿನ ಕೊನೆಯ ಡೇರೆಯಲ್ಲಿ ಎದ್ದ ಹಿಲರಿಗೆ ತನ್ನ ಬೂಟುಗಳು ಹೆಪ್ಪುಗಟ್ಟಿ ಕಲ್ಲಾಗಿದ್ದುದು ಕಂಡಿತು. ಅವನ್ನು ಪ್ರೈಮಸ್ಸಿನ ಉರಿಗೆ ಹಿಡಿದು ಮೆತ್ತಗೆ ಮಾಡಿಕೊಂಡೇ ಅವನು ತೇನ್ಸಿಂಗ್ ಜೊತೆ ತುದಿಗೆ ಹೊರಟದ್ದು. ಬೂಟು ಬೇಯಿಸುವ ಕೆಲಸ ಫ್ಲಾಸ್ಕಿನಿಂದಾಗದು ಎಂದು ಭಾವನವರಿಗೆ ಹೇಳಿದರೆ, "ನಿನ್ನ ಬೂಟು ನೀನು ಬೇಯಿಸ್ಕೋ, ನನ್ನದು ಬಾಟಾ ಚಪ್ಪಲಿ" ಎಂದರು.

ಫ್ಲಾಸ್ಕಿನ ಜನ್ಮವರ್ಷವೂ ಅದೇ 1892 ಎನ್ನುವುದು ತಮಾಷೆ. ಲಂಡನ್ನಿನಲ್ಲಿ ಜೇಮ್ಸ್ ಡ್ಯೂವರ್ ಎಂಬ ವಿಜ್ಞಾನಿ ಎರಡು ಗೋಡೆಗಳ ನಡುವಿನ ಗಾಳಿಯನ್ನು ಎಳೆದು ತೆಗೆದು ಒಂದು ಪಾತ್ರೆ ಮಾಡಿದ. ಅವನ ತಲೆಯಲ್ಲಿ ಕಾಫಿ ಇರಲಿಲ್ಲ. ಕಡುಶೀತದಲ್ಲಿ ನೀರಾಗಿಸಿದ ಅನಿಲಗಳನ್ನು ಆವಿಯಾಗದಂತೆ ಇಡುವುದು ಅವನ ಕಷ್ಟ. ಪೇಟೆಂಟ್ ಮಾಡಿಸಿಕೊಳ್ಳಲಿಲ್ಲ, 1904ರಲ್ಲಿ ಜರ್ಮನಿಯವರು ಅದಕ್ಕೆ ಥರ್ಮಾಸ್ ಎಂದು ಹೆಸರಿಟ್ಟು ದುಡ್ಡು ಮಾಡಿಕೊಂಡರು. ಅಂತೂ ದ್ರವಾನಿಲ ಇಡಲೆಂದು ಹುಟ್ಟಿದ ಪಾತ್ರೆಯಲ್ಲಿ ಭಾವನವರು ಕಾಫಿ ಇಟ್ಟುಕೊಂಡು ಬರುತ್ತಾರೆ; ನಾನು ದ್ರವಾನಿಲವನ್ನು ತಗಡಿನ ಡಬ್ಬಿಯಲ್ಲಿ ತಂದು ಕಾಫಿ ಕಾಸುತ್ತೇನೆ.

ಈ ಡಬ್ಬಿಗೂ ಒಂದು ಸ್ವಭಾವವಿದೆ. ಒಳಗಿರುವುದು ಹೆಚ್ಚಾಗಿ ಬ್ಯೂಟೇನ್. ಅದುಮಿ ತುಂಬಿದ್ದರಿಂದ ದ್ರವವಾಗಿ ಕೂತಿದೆ. ಕಿವಿ ತಿರುಗಿಸಿದಾಗ ಅದು ಒಳಗೇ ಕುದಿದು ಆವಿಯಾಗಬೇಕು, ಆ ಕುದಿತಕ್ಕೆ ಬೇಕಾದ ಶಾಖವನ್ನು ತನ್ನ ಡಬ್ಬಿಯಿಂದಲೇ ಕಿತ್ತುಕೊಳ್ಳುತ್ತದೆ. ಹಾಗಾಗಿ ಮೇಲೆ ನೀರು ಕೊತಕೊತ ಎನ್ನುತ್ತಿರುವಾಗ ಕೆಳಗೆ ಡಬ್ಬಿ ಮುಟ್ಟಿದರೆ ತಣ್ಣಗೆ, ಕೆಲವೊಮ್ಮೆ ಮೈತುಂಬ ಬೆವರು. ಬ್ಯೂಟೇನ್ ಕುದಿಯುವುದು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ. ಹಿಮಾಚಲದ ಚಳಿಯಲ್ಲಿ ಬರೀ ಬ್ಯೂಟೇನಿನ ಡಬ್ಬಿ ಮೌನವ್ರತ ಹಿಡಿಯುವುದು ಅದಕ್ಕೇ. ಅಲ್ಲಿಗೆ ಹೋಗುವವರು ಮೈನಸ್ 42 ಡಿಗ್ರಿಯಲ್ಲೂ ಆವಿಯಾಗುವ ಪ್ರೊಪೇನ್ ಬೆರೆಸಿದ್ದನ್ನು ಕೊಳ್ಳಬೇಕು. ರಾತ್ರಿ ಡಬ್ಬಿಯನ್ನು ರಗ್ಗಿನೊಳಗೆ ಮಗ್ಗುಲಲ್ಲಿ ಮಲಗಿಸಿಕೊಳ್ಳುವವರೂ ಇದ್ದಾರೆ. ನಮ್ಮ ಮಲೆನಾಡಿನ ಧನುರ್ಮಾಸಕ್ಕೆ ಅಷ್ಟೆಲ್ಲ ಬೇಡ. ಉರಿ ಸಣ್ಣಗಾದರೆ ಒಲೆ ಆರಿಸಿ, ಡಬ್ಬಿಯನ್ನು ಎರಡು ಅಂಗೈಗಳ ನಡುವೆ ಸ್ವಲ್ಪ ಹೊತ್ತು ಹಿಡಿದರೆ ಸಾಕು, ಮತ್ತೆ ಹುರುಪು.

ಭಾವನವರ ಪ್ರಶ್ನೆಗೆ ನನ್ನ ನಿಜವಾದ ಉತ್ತರ ಇರುವುದು ಕುದಿಯುವ ನೀರಿನಲ್ಲಿ. ಮಂಗಳೂರಿನ ಕಡಲದಂಡೆಯಲ್ಲಿ ನೀರು ನೂರು ಡಿಗ್ರಿಗೆ ಕುದಿಯುತ್ತದೆ. ಘಟ್ಟ ಹತ್ತಿದ ಹಾಗೆಲ್ಲ ಗಾಳಿಯ ಒತ್ತಡ ಇಳಿದು, ಮುನ್ನೂರು ಮೀಟರಿಗೆ ಹೆಚ್ಚುಕಡಿಮೆ ಒಂದೊಂದು ಡಿಗ್ರಿ ಕಳೆದುಕೊಳ್ಳುತ್ತದೆ. ಬೆಂಗಳೂರಿನಲ್ಲಿ 97. ನಮ್ಮ ಬಂಡೆಯ ಮೇಲೆ 96ರ ಹತ್ತಿರ. ಎದುರಿನ 1,930 ಮೀಟರಿನ ಮುಳ್ಳಯ್ಯನಗಿರಿಯಲ್ಲಿ ಕಾಸಿದರೆ 93.5. ಲೇಹ್‌ಗೆ ಹೋದರೆ 88. ಕಾಫಿಪುಡಿಯಿಂದ ಕಹಿ ಎಳೆಯದೆ ಪರಿಮಳ ಎಳೆಯುವುದಕ್ಕೆ 90ರಿಂದ 96 ಡಿಗ್ರಿಯ ನೀರು ಸರಿ ಎಂದು ಬಲ್ಲವರು ಹೇಳುತ್ತಾರೆ. ಕಡಲ ಮಟ್ಟದಲ್ಲಿರುವವರು ಕುದಿಸಿದ ಮೇಲೆ ಆರುವುದಕ್ಕೆ ಕಾಯಬೇಕು. ಇಲ್ಲಿ ಬೆಟ್ಟವೇ ಹದ ನೋಡಿ ಕೊಡುತ್ತದೆ. ಬಾಬಾಬುಡನ್ ಮೆಕ್ಕಾ ಯಾತ್ರೆ ಮುಗಿಸಿ ಬರುವಾಗ ಏಳು ಬೀಜ ತಂದು ಬಿತ್ತಿದರೆಂದು ಹೇಳುವುದೂ ಇದೇ ಚಂದ್ರದ್ರೋಣ ಸಾಲಿನಲ್ಲಿ. ಬೀಜಕ್ಕೆ ಒಗ್ಗಿದ ಎತ್ತರವೇ ಕಷಾಯಕ್ಕೂ ಒಗ್ಗುತ್ತದೆ ಎನ್ನುವುದು ಶಾಸ್ತ್ರವೋ ನನ್ನ ಮೋಹವೋ, ಕುಡಿಯುವಾಗ ಎರಡೂ ಒಂದೇ. ಚಹಾದವರ ಪಾಡು ಇಲ್ಲಿ ಬೇರೆ. ಪುಡಿ ಚಹಾಕ್ಕೆ ಬಿರುಸಿನ ಕುದಿತ ಬೇಕು. ಎತ್ತರದಲ್ಲಿ ಎಷ್ಟು ಕುದಿಸಿದರೂ ಅವರಿಗೆ ಏನೋ ಸಾಲದು.

ಅಕ್ಕನ ಕಾಫಿಯನ್ನು ಹೀಗಳೆಯುವ ಧೈರ್ಯ ನನಗಿಲ್ಲ. ಆದರೆ ಫ್ಲಾಸ್ಕಿನ ಮುಚ್ಚಳ ತೆಗೆದಾಗ ಹೊರಬರುವುದು ಬಸವನಗುಡಿ. ಅದು ಅಲ್ಲಿಯ ಕುಕ್ಕರಿನ ಪಕ್ಕ ಕುದಿದ ಹಾಲು, 97 ಡಿಗ್ರಿಯ ಕಾಫಿ. ಬಂಡೆಯ ಮೇಲಿನದ್ದು ಬಂಡೆಯ ಮೇಲೆ ಮಾತ್ರ ಆಗುವಂಥದ್ದು. ಹಳ್ಳದ ನೀರು, ಅಲ್ಲಿನ ಒತ್ತಡ, ಅವತ್ತಿನ ಗಾಳಿ ಎಲ್ಲ ಸೇರಿ ಆದದ್ದು. ಕೆಳಗಿಳಿಸಿ ತಂದು ಕುಡಿದರೆ ಬರೀ ಬೆಲ್ಲದ ನೀರು.

ಒಲೆ ಚಿಕ್ಕದು, ಪಾತ್ರೆಗೆ ಹಿಡಿಯುವುದು ಎರಡೇ ಲೋಟ. ಐದಾರು ಜನರಿದ್ದರೆ ಸರದಿ ಬರುತ್ತದೆ. ಸರದಿ ಬಂದಲ್ಲಿ ರಾಜಕೀಯ. ಹಿರಿಯರಿಗೆ ಮೊದಲೆಂದರೆ ಭಾವನವರು "ನನಗೇನು ಬೇಡಪ್ಪ" ಎನ್ನುತ್ತ ಲೋಟ ಚಾಚುತ್ತಾರೆ. ಎರಡನೇ ಸುತ್ತಿನವರು ಮೊದಲ ಸುತ್ತಿನವರ ಮುಖ ನೋಡುತ್ತ ಕೂರುತ್ತಾರೆ. ಅಷ್ಟು ಹೊತ್ತು ಯಾರೂ ಫೋನ್ ತೆಗೆಯುವುದಿಲ್ಲ. ಮಾಡುವವನಿಗೆ ಕೊನೆಯ ಲೋಟ. ಅದರಲ್ಲಿ ಚರಟ ಜಾಸ್ತಿ, ಬೆಲ್ಲವೂ ಜಾಸ್ತಿ. ಇದೇ ಒಲೆಯ ಮೇಲೆ ಬಿಸಿಬೇಳೆಬಾತ್ ಮಾಡುತ್ತೇನೆಂದು ದೊಡ್ಡ ಪಾತ್ರೆ ಹೇರಿಕೊಂಡು ಬರುವವರನ್ನು ಕಂಡಿದ್ದೇನೆ. ತಲೆಭಾರಕ್ಕೆ ಒಲೆ ವಾಲುತ್ತದೆ, ತಳ ಸೀಯುತ್ತದೆ, ಮೇಲೆ ಅಕ್ಕಿ ಅಕ್ಕಿಯಾಗಿಯೇ ಇರುತ್ತದೆ, ಆಮೇಲೆ ಅಗ್ಗದ ಮಾಲು ಎಂದು ಒಲೆಗೆ ಬೈಗುಳ. ಊಟಕ್ಕೆ ಬುತ್ತಿ ಕಟ್ಟಿಕೊಳ್ಳಬೇಕು. ಈ ಒಲೆ ಹುಟ್ಟಿರುವುದು ನೀರು ಕಾಯಿಸುವುದಕ್ಕೆ.

230 ಗ್ರಾಂ ಡಬ್ಬಿಯೊಂದು, ಗಾಳಿ ಕಾಟ ಕೊಡದಿದ್ದರೆ, ಹತ್ತಾರು ಲೀಟರ್ ನೀರು ಕುದಿಸುತ್ತದೆ. ಮಧ್ಯೆ ಎಷ್ಟು ಉಳಿದಿದೆಯೆಂದು ತಿಳಿಯಲು ಬಕೆಟ್ಟಿನ ನೀರಿನಲ್ಲಿ ತೇಲಿಬಿಟ್ಟು ಎಷ್ಟು ಮುಳುಗಿತೆಂದು ನೋಡಬಹುದು. ಪೂರ್ತಿ ಮುಗಿದು ಉರಿ ತಾನಾಗಿ ಸತ್ತ ಮೇಲೆ, ಬಯಲಲ್ಲಿ, ಬೆಂಕಿಯಿಂದ ದೂರವಿಟ್ಟು ತೂತು ಹೊಡೆಯಬೇಕು. ಹಾಗೆ ಹೊಡೆದದ್ದನ್ನು ಹಳೇ ಪೇಪರಿನ ಜೊತೆ ಗುಜರಿಯವನಿಗೆ ಕೊಟ್ಟೆ. ಅವನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಮೂಸಿ ನೋಡಿ, "ಏನು ಸಾರ್ ಇದು, ಸೊಳ್ಳೆ ಔಷಧಿದಾ?" ಎಂದ. "ಕಾಫಿದಪ್ಪ" ಎಂದೆ. ನನ್ನನ್ನೊಮ್ಮೆ ಡಬ್ಬಿಯನ್ನೊಮ್ಮೆ ನೋಡಿ, ಪೇಪರಿನಿಂದ ಬೇರೆ ಮಾಡಿ ತಕ್ಕಡಿಗೆ ಹಾಕಿದ. ತಗಡಿಗೆ ರೇಟು ಜಾಸ್ತಿಯಂತೆ.