ಮೂರನೆಯ ಗಾಲಿಯ ಲೆಕ್ಕ

ಎರಡು ಗಾಲಿಯ ವಾಹನಕ್ಕೂ ನಾಲ್ಕು ಗಾಲಿಯ ವಾಹನಕ್ಕೂ ಈ ಲೋಕದಲ್ಲಿ ಒಂದೊಂದು ಸ್ಥಾನವುಂಟು. ಮೂರು ಗಾಲಿಯದಕ್ಕೆ ಮಾತ್ರ ಇನ್ನೂ ಗೌರವದ ಸ್ಥಾನ ದೊರೆತಂತೆ ಕಾಣುವದಿಲ್ಲ. ಟಂಟಂ ಎಂದರೆ ಸಂತೆಗೆ ಹೋಗುವ ಗಾಡಿ. ರಿಕ್ಷಾ ಎಂದರೆ ಸ್ಟ್ಯಾಂಡಿನಿಂದ ಮನೆಗೆ ಬರುವ ಗಾಡಿ. ಮೋಟಾರು ಸಾಯಕಲ್ಲಿನ ಬಗಲಿಗೆ ತೊಟ್ಟಿಲು ಕಟ್ಟಿಕೊಂಡು ಊರೂರು ತಿರುಗುವವನೆಂದರೆ ಒಂದೋ ಸಿನೇಮಾದವನು, ಇಲ್ಲವೆ ತಲೆತಿರುಕನು. ನಮ್ಮ ಯಮಕನಮರಡಿಯ ಹುಡುಗರು ನನ್ನ ವಾಹನಕ್ಕೆ ‘ಶೋಲೆ ಗಾಡಿ’ ಎಂದು ನಾಮಕರಣ ಮಾಡಿರುವರು. 1975ರಲ್ಲಿ ತೆರೆಗೆ ಬಂದ ಆ ಚಿತ್ರದ ಬಹುಭಾಗವನ್ನು ನಮ್ಮ ನಾಡಿನ ರಾಮನಗರದ ಬಂಡೆಗಳ ನಡುವೆಯೇ ತೆಗೆದರೆಂಬದು ವಾಚಕರಿಗೆ ಗೊತ್ತಿದ್ದೀತು. ಅದರಲ್ಲಿ ಇಬ್ಬರು ಗೆಳೆಯರು ಇಂಥದೇ ಗಾಡಿಯ ಮೇಲೆ ಹಾಡುತ್ತ ಸಾಗುವರು. ಪೆಟ್ರೋಲಿನ ಮಾತನ್ನು ಒಬ್ಬನೂ ಎತ್ತುವದಿಲ್ಲ. ನಾನು ಅದೊಂದೇ ಮಾತನ್ನು ಎತ್ತಬೇಕೆಂದಿರುವೆನು.

ನನ್ನದು 350 ಸಿ.ಸಿ.ಯ ಹಳೆಯ ಬುಲೆಟ್ಟು. ಇಂಗ್ಲಂಡದಲ್ಲಿ ಹುಟ್ಟಿ, 1955ರಲ್ಲಿ ಮದ್ರಾಸಿಗೆ ಬಂದು ನೆಲೆ ನಿಂತ ವಂಶದ್ದು. ಹದಿನೆಂಟು ಕುದುರೆಯ ಬಲ, ಬೀಡುಕಬ್ಬಿಣದ ಎಂಜಿನು, ಕಾಲಿನಿಂದ ಒದ್ದರೆ ಮಾತ್ರ ಎಚ್ಚರಾಗುವ ಸ್ವಭಾವ. ನಾನೊಬ್ಬನೇ ಕುಳಿತು ಹೋಗುತ್ತಿದ್ದ ಕಾಲದಲ್ಲಿ ಲೀಟರಿಗೆ 35 ಕಿ.ಮೀ. ಸುಖವಾಗಿ ಕೊಡುತ್ತಿತ್ತು. ಆರು ವರ್ಷಗಳ ಹಿಂದೆ ನಮ್ಮ ಮನೆಯವರು ಜಾರಿ ಬಿದ್ದು ತೊಡೆಯ ಎಲುಬು ಮುರಿಯಿತು. ಕೂಡಿಸಿದ ಎಲುಬು ನಡೆಯುವದಕ್ಕೆ ಒಪ್ಪಿತು. ಬಸ್ಸಿನ ಮೆಟ್ಟಲು ಏರುವದಕ್ಕೂ ಗಾಡಿಯ ಹಿಂದಿನ ಸೀಟಿನ ಮೇಲೆ ಕೂಡ್ರುವದಕ್ಕೂ ಒಪ್ಪಲಿಲ್ಲ. ಕಾರು ಕೊಳ್ಳುವಷ್ಟು ನಿವೃತ್ತಿವೇತನವು ಕನ್ನಡ ಶಾಲೆಯ ಮಾಸ್ತರನಿಗೆ ಬರುವದಿಲ್ಲ. ಆದುದರಿಂದ ಎಡಬದಿಗೆ ತೊಟ್ಟಿಲು ಬಂದಿತು. ಅದಕ್ಕೊಂದು ಸಣ್ಣ ಬಾಗಿಲನ್ನು ಕೊಯ್ಯಿಸಿದೆನು. ನೋಂದಣಿ ಪತ್ರದಲ್ಲಿ ಅದರ ನಮೂದೂ ಆಯಿತು. ಅಂದಿನಿಂದ ಲೀಟರಿಗೆ 22 ಕಿ.ಮೀ. ಬಂದರೆ ಅದೇ ಹಬ್ಬ.

ಲೀಟರಿಗೆ ನೂರು ರೂಪಾಯಿಗಿಂತ ಹೆಚ್ಚು ತೆರುವ ಈ ದಿನಗಳಲ್ಲಿ ನಮ್ಮ ಮನೆಯಲ್ಲಿ ತಿಂಗಳಿಗೆ ಹತ್ತು ಲೀಟರೆಂದು ಗೆರೆ ಎಳೆದಿರುವೆವು. ಔಷಧಿ, ಕಿರಾಣಿ, ಮಗನ ಸಾಲದ ಕಂತು ಇವುಗಳ ನಡುವೆ ಆ ಗೆರೆಯನ್ನು ದಾಟುವಂತಿಲ್ಲ. ಹತ್ತು ಲೀಟರಿಗೆ 220 ಕಿ.ಮೀ. ನಮ್ಮ ಮನೆಯವರ ತಾಯಿ ಮೂಡಲಗಿಯಲ್ಲಿರುವರು. ಹುಕ್ಕೇರಿ, ಘಟಪ್ರಭಾ, ಅರಭಾವಿಯ ಮೇಲಿಂದ ನಾವು ಹಿಡಿಯುವ ಒಳದಾರಿಗಳಲ್ಲಿ ಹೋಗಿ ಬಂದರೆ ನನ್ನ ಮೀಟರಿನಲ್ಲಿ ಸುಮಾರು 130 ಕಿ.ಮೀ. ಕೂಡುವದು. ಎಂದರೆ ತಿಂಗಳಿಗೆ ಒಂದು ಸಲ ಹೋಗಿ ಬರಬಹುದು, ಎರಡು ಸಲ ಸಾಧ್ಯವಿಲ್ಲ. ಆ ಹಿರಿಯ ಜೀವಕ್ಕೆ ತೊಂಬತ್ತರ ಸಮೀಪ ವಯಸ್ಸು. ಕಣ್ಣು ಮಂಜಾಗಿರುವದು; ಫೋನಿನ ಮಾತು ಕೇಳಿಸುವದಿಲ್ಲ; ಮಗಳ ಕೈಯನ್ನು ಮುಟ್ಟಿ, ಬಳೆಗಳನ್ನು ಎಣಿಸಿ ಗುರುತು ಹಿಡಿಯುವರು. ತಿಂಗಳಿಗೆ ಎರಡು ಭೇಟಿಗಳಾಗಬೇಕಾದರೆ ಲೀಟರಿಗೆ 26 ಬರಬೇಕು. ನಾಲ್ಕು ಕಿಲೋಮೀಟರಿನ ಈ ಕೊರತೆಯೇ ನನ್ನ ಎರಡು ವರ್ಷದ ಅಭ್ಯಾಸಕ್ಕೆ ಕಾರಣವಾಯಿತು.

ಮೊದಲು ಅಳತೆ ಸರಿಯಾಗಬೇಕು. ಒಂದೇ ಪಂಪಿನಲ್ಲಿ ಟಾಕಿಯನ್ನು ಕಂಠದವರೆಗೆ ತುಂಬಿಸಿ, ಮೀಟರಿನ ಅಂಕಿಯನ್ನು ಬರೆದಿಟ್ಟು, ಮುಂದಿನ ಸಲ ಅಲ್ಲಿಯವರೆಗೇ ತುಂಬಿಸುವದು. ನಡೆದ ದೂರವನ್ನು ತುಂಬಿದ ಲೀಟರಿನಿಂದ ಭಾಗಿಸುವದು. ನಾಲ್ಕನೆಯ ಇಯತ್ತೆಯ ಗಣಿತವಿದು. ಆದರೆ ಒಂದು ಸಲದ ಲೆಕ್ಕವನ್ನು ನಂಬಬಾರದು. ಎದುರುಗಾಳಿ, ಮಳೆ, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುವ ಹಂಗಾಮು, ಎಲ್ಲವೂ ಅಂಕಿಗಳನ್ನು ಕೆಡಿಸುವವು. ನಾಲ್ಕು ಸಲದ ಸರಾಸರಿಯಿಲ್ಲದೆ ನಾನು ಯಾವದನ್ನೂ ನನ್ನ ವಹಿಯಲ್ಲಿ ಮಸಿಯಿಂದ ಬರೆಯುವದಿಲ್ಲ. ಅಲ್ಲಿಯ ತನಕ ಸೀಸದಕಡ್ಡಿಯೇ ಸಾಕು.

ಗಾಡಿಯನ್ನು ಹಿಂದಕ್ಕೆಳೆಯುವ ಶಕ್ತಿಗಳು ಮುಖ್ಯವಾಗಿ ಎರಡು: ಒಂದು ನೆಲದ್ದು, ಒಂದು ಗಾಳಿಯದು. ನೆಲದ ತಡೆಯು ಭಾರಕ್ಕೂ ಗಾಲಿಗಳ ಸ್ಥಿತಿಗೂ ಸೇರಿದ್ದು. ನಮ್ಮ ಮೂರನೆಯ ಗಾಲಿಯ ಗುಟ್ಟು ಇಲ್ಲಿಯೇ ಇದ್ದಿತು. ಬಗಲಿನ ಗಾಲಿಯು ಮೋಟಾರು ಸಾಯಕಲ್ಲಿನ ಗಾಲಿಗಳಿಗೆ ಸರಿಸಮವಾಗಿ ನೇರವಿರುವದಿಲ್ಲ. ಅದರ ಮುಂಭಾಗವು ತುಸು ಒಳಮುಖವಾಗಿರಬೇಕು. ಹಾಗಿಲ್ಲದಿದ್ದರೆ ತೊಟ್ಟಿಲಿನ ಭಾರದಿಂದ ಗಾಡಿ ಸದಾ ಎಡಕ್ಕೆ ಎಳೆಯುವದು. ಆದರೆ ಎಷ್ಟು ಒಳಮುಖ? ಹತ್ತರಿಂದ ಇಪ್ಪತ್ತು ಮಿಲಿಮೀಟರು ಸಾಕು. ಇದನ್ನು ನೋಡುವದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಬಡಿಗರ ಮನೆಯಿಂದ ಎರಡು ನೆಟ್ಟಗಿನ ಉದ್ದ ಪಟ್ಟಿಗಳನ್ನು ತಂದು, ಒಂದನ್ನು ಗಾಡಿಯ ಹಿಂದಿನ ಮುಂದಿನ ಗಾಲಿಗಳಿಗೂ, ಇನ್ನೊಂದನ್ನು ತೊಟ್ಟಿಲಿನ ಗಾಲಿಗೂ ತಗುಲುವಂತೆ ನೆಲದ ಮೇಲಿಟ್ಟು, ಎರಡೂ ತುದಿಗಳಲ್ಲಿ ಪಟ್ಟಿಗಳ ನಡುವಿನ ಅಂತರವನ್ನು ಅಳೆದರಾಯಿತು. ಕಟ್ಟಿಕೊಟ್ಟವರು ಯಾರೇ ಇರಲಿ, ನನ್ನ ಗಾಡಿಯಲ್ಲಿ ಆ ವ್ಯತ್ಯಾಸವು 45 ಮಿಲಿಮೀಟರು ಇದ್ದಿತು! ನಮ್ಮೂರ ಮಿಸ್ತ್ರಿಯು ಸವೆದ ಟಾಯರಿನ ಮೇಲೆ ಅಂಗೈಯಾಡಿಸಿ, “ಮಾಸ್ತರ್ರ, ಇದು ಗಾಲಿ ಅಲ್ರಿ, ಕುಂಟಿ ಆಗೇತಿ. ರಸ್ತಾ ಹರಗಾಕ ಹತ್ತೇತಿ” ಎಂದನು. ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಯಾವ ಪುಸ್ತಕದಲ್ಲಿಯೂ ಓದಿಲ್ಲ. ಗಾಲಿಯು ಉರುಳುವದರ ಜೊತೆಗೆ ಹೆಜ್ಜೆಹೆಜ್ಜೆಗೂ ಅಡ್ಡಲಾಗಿ ಉಜ್ಜಿಕೊಂಡು ಬರುತ್ತಿದ್ದಿತು. ಆ ಉಜ್ಜುವಿಕೆಯ ಕೂಲಿಯನ್ನು ಪೆಟ್ರೋಲು ತೆರುತ್ತಿತ್ತು. ಅದನ್ನು 15ಕ್ಕೆ ತಂದು, ಕೈಯಿಂದ ತಿರುಗಿಸಿದಾಗ ಹಿಂದಿನ ಗಾಲಿಯ ಬ್ರೇಕು ಉಜ್ಜದಂತೆ ಸಡಲಿಸಿ, ಟಾಯರುಗಳಿಗೆ ಭಾರಕ್ಕೆ ತಕ್ಕಷ್ಟು ಗಾಳಿ ತುಂಬಿಸಿದ ಮೇಲೆ ಲೀಟರಿಗೆ 24 ಬಂದಿತು. ಖರ್ಚು, ಮಿಸ್ತ್ರಿಯ ಒಂದು ಮಧ್ಯಾಹ್ನದ ಕೂಲಿ ಮತ್ತು ಎರಡು ಚಹ.

ಬೆಳಗಾವಿ ಜಿಲ್ಲೆಗೆ ಇಂಥ ಕೈಚಳಕವೇನೂ ಹೊಸದಲ್ಲ. 1869ರಲ್ಲಿ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರ ಉದ್ಯೋಗವು ಬೆಳಗಾವಿಯ ಒಂದು ಸಾಯಕಲ್ಲಿನ ಅಂಗಡಿಯಿಂದಲೇ ಮೊದಲಾಯಿತು.

ಎಂಜಿನಿನ ಸುಧಾರಣೆಯಲ್ಲಿ ಹೇಳತಕ್ಕ ವಿಶೇಷ ಕಡಿಮೆ. ಪ್ಲಗ್ಗನ್ನು ಬಿಚ್ಚಿ ನೋಡಿದರೆ ಅದರ ಬಣ್ಣವೇ ಎಲ್ಲವನ್ನೂ ಹೇಳುವದು: ಕಪ್ಪು ಮಸಿ ಕಟ್ಟಿದ್ದರೆ ಎಣ್ಣೆ ಹೆಚ್ಚು ಸೇರುತ್ತಿದೆ, ಬೆಳ್ಳಗಾಗಿದ್ದರೆ ಕಡಿಮೆ ಸೇರಿ ಎಂಜಿನು ಕಾಯುತ್ತಿದೆ, ತಿಳಿಕಂದಾಗಿದ್ದರೆ ಸರಿ. ಕಿಡಿಯು ತಡವಾಗಿ ಹಾರಿದರೆ ಉರಿಯ ಒಂದು ಪಾಲು ಪಿಸ್ಟನ್ನನ್ನು ತಳ್ಳದೆ ಹೊಗೆಕೊಳವೆಯನ್ನು ಕಾಯಿಸುವದರಲ್ಲಿ ವ್ಯರ್ಥವಾಗುವದು. ಇವೆರಡನ್ನೂ ಹದಕ್ಕೆ ತಂದೆವು. ಮುಂದಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲನ್ನು ಕಡಿಮೆ ಮಾಡಿಸಿದೆನು. ಹಲ್ಲು ಕಡಿಮೆಯಾದರೆ ಎಂಜಿನು ಹೆಚ್ಚು ಸುತ್ತಿ ಎಣ್ಣೆ ಹೆಚ್ಚು ಕುಡಿದೀತೆಂದು ಗೆಳೆಯರು ವಾದಿಸಿದರು. ಒಂಟಿ ಗಾಡಿಗೆ ಆ ವಾದ ಸರಿಯೇ. ತೊಟ್ಟಿಲು ಹೊತ್ತ ಗಾಡಿಯಾದರೋ ಸಣ್ಣ ಏರು ಬಂದರೂ ಮೇಲಿನ ಗೇರಿನಲ್ಲಿ ಏದುಸಿರು ಬಿಟ್ಟು ಮೂರನೆಯದಕ್ಕೆ ಇಳಿಯುತ್ತಿತ್ತು. ಈಗ ಅದೇ ಏರನ್ನು ಮೇಲಿನ ಗೇರಿನಲ್ಲಿಯೇ ಹತ್ತುವದು.

ಅಷ್ಟರಲ್ಲಿ ಪೆಟ್ರೋಲೇ ಬದಲಾಯಿತು. 2025ರ ಹೊತ್ತಿಗೆ ದೇಶದ ಪಂಪುಗಳಲ್ಲೆಲ್ಲ ನೂರಕ್ಕೆ 20 ಪಾಲು ಇಥೆನಾಲು ಬೆರೆತ ಪೆಟ್ರೋಲೇ ಸಾಮಾನ್ಯವಾಯಿತು. ಒಂದು ಲೀಟರು ಇಥೆನಾಲಿನಲ್ಲಿರುವ ಉಷ್ಣಶಕ್ತಿಯು ಪೆಟ್ರೋಲಿನದರ ಮೂರರಲ್ಲಿ ಎರಡು ಪಾಲು ಮಾತ್ರ. ಆದುದರಿಂದ ಈ ಮಿಶ್ರಣದ ಲೀಟರಿನಲ್ಲಿ ನೂರಕ್ಕೆ ಆರೇಳರಷ್ಟು ಶಕ್ತಿ ಮೊದಲೇ ಕಡಿಮೆ. ಹಳೆಯ ಕಾರ್ಬ್ಯುರೇಟರಿನ ಗಾಡಿಗೆ ಮಿಶ್ರಣವನ್ನು ಇನ್ನೊಮ್ಮೆ ಹದ ಮಾಡಬೇಕಾಗುವದು. ಹಳೆಯ ರಬ್ಬರಿನ ನಳಿಗೆಗಳನ್ನೂ ನೋಡಿಕೊಳ್ಳಬೇಕು. ನಾನು ಗೊಣಗುವದನ್ನು ಕೇಳಿ ನಮ್ಮ ಮನೆಯವರು ನಕ್ಕರು: “ನಮ್ಮ ಹೊಲದ ಕಬ್ಬ ಕಾರ್ಖಾನಿಗೆ ಹೋಗೂದು ಬ್ಯಾಡೇನ್ರಿ? ರೊಕ್ಕಾ ಬಂದಾಗ ಸುಮ್ಮ ಇರತೀರಿ.” ಕರ್ನಾಟಕದಲ್ಲಿಯೇ ಅತಿ ಹೆಚ್ಚು ಸಕ್ಕರೆ ಕಾರಖಾನೆಗಳಿರುವ ಜಿಲ್ಲೆಯಲ್ಲಿ ಬಾಳಿಕೊಂಡು ಇದಕ್ಕೆ ಉತ್ತರ ಕೊಡುವದು ಕಠಿಣ. ಸಂಕೇಶ್ವರದ ಕಡೆಯ ಕಬ್ಬು ನನ್ನ ಟಾಕಿಗೂ ಬಂದಿದ್ದೀತೆಂದು ಸಮಾಧಾನ ಮಾಡಿಕೊಂಡೆನು. ಆದರೂ ವಹಿಯಲ್ಲಿ 25 ಆಗಿದ್ದದ್ದು ಮತ್ತೆ 24ಕ್ಕೆ ಇಳಿಯಿತು.

ಈ ನಡುವೆ ಉಪದೇಶಗಳಿಗೇನೂ ಬರವಿರಲಿಲ್ಲ. ಪೆಟ್ರೋಲಿನ ನಳಿಗೆಗೆ ಅಯಸ್ಕಾಂತ ಕಟ್ಟಿರೆಂದು ಒಬ್ಬರು ತಂದೇ ಕೊಟ್ಟರು. ಅಮೇರಿಕದ ಪರಿಸರ ಸಂರಕ್ಷಣಾ ಇಲಾಖೆಯು ಇಂಧನ ಉಳಿಸುವವೆಂದು ಮಾರುವ ನೂರಕ್ಕೂ ಹೆಚ್ಚು ಉಪಕರಣಗಳನ್ನು ಪರೀಕ್ಷಿಸಿ, ಬಹುತೇಕ ಎಲ್ಲವೂ ನಿಷ್ಪ್ರಯೋಜಕವೆಂದು ಕಂಡುಕೊಂಡಿರುವದು. ಅವರ ಅಯಸ್ಕಾಂತವು ಈಗ ನನ್ನ ಕಪಾಟಿನ ಬಾಗಿಲನ್ನು ಹಿಡಿದುಕೊಂಡಿದೆ. ಚಿಮಣಿ ಎಣ್ಣೆ ಬೆರಸಿರೆಂದವರಿಗೆ, ಅದು ಎಂಜಿನಿಗೂ ಕಾಯದೆಗೂ ವಿರುದ್ಧವೆಂದು ಹೇಳಿ ಕಳಿಸಿದೆನು. ಸೋದರಳಿಯನೊಬ್ಬನು ವಂಟಮುರಿ ಘಾಟಿನ ಇಳಿತದಲ್ಲಿ ಎಂಜಿನು ಬಂದು ಮಾಡಿ ನ್ಯೂಟ್ರಲ್ಲಿನಲ್ಲಿ ಬಿಟ್ಟರೆ ಹನಿ ಎಣ್ಣೆ ಖರ್ಚಾಗುವದಿಲ್ಲವೆಂದನು. ಇದೊಂದು ಉಳಿತಾಯವನ್ನು ನಾನು ಎಂದೂ ಮಾಡಲಾರೆನು. ಎಡಬದಿಗೆ ತೊಟ್ಟಿಲಿದ್ದ ಗಾಡಿಯು ವೇಗ ಹೆಚ್ಚಿಸಿದಾಗ ಎಡಕ್ಕೂ, ಬ್ರೇಕು ಹಾಕಿದಾಗ ಬಲಕ್ಕೂ ಎಳೆಯುವದು. ರಾಷ್ಟ್ರೀಯ ಹೆದ್ದಾರಿಯಲ್ಲಿ ಹಿಂದೆ ಲಾರಿಯ ಸಾಲು, ಬಲಕ್ಕೆ ಎಳೆಯುವ ಗಾಡಿ, ಹಿಡಿತಕ್ಕೆ ಎಂಜಿನಿನ ಆಸರೆಯಿಲ್ಲ, ತೊಟ್ಟಿಲಿನಲ್ಲಿ ಒಮ್ಮೆ ಎಲುಬು ಮುರಿದ ಜೀವ: ಅಲ್ಲಿ ಉಳಿಯುವ ಅರ್ಧ ಬಟ್ಟಲು ಎಣ್ಣೆ ನನಗೆ ಬೇಡ.

ಎಂಜಿನನ್ನೇ ಬದಲಿಸುವ ದಾರಿಯೂ ಒಂದುಂಟು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯದವರು ಬಿಟ್ಟುಹೋದ ಹಾರ್ಲೆ ಡೇವಿಡಸನ್ನುಗಳಿಂದ ದಿಲ್ಲಿಯವರು ಮೂರು ಗಾಲಿಯ ಫಟಫಟಿಗಳನ್ನು ಮಾಡಿಕೊಂಡು, ಮುಂದೆ ಅವುಗಳಿಗೆ ಡಿಝೆಲ್ ಎಂಜಿನು ಕೂಡಿಸಿ ಬಹುಕಾಲ ಓಡಿಸಿದರು. ಬುಲೆಟ್ಟಿಗೂ ಟಾರಸ್ ಎಂಬ ಡಿಝೆಲ್ ತಮ್ಮನೊಬ್ಬನಿದ್ದನು, 325 ಸಿ.ಸಿ., ಆರೂವರೆ ಕುದುರೆಯ ಬಲ, ಎಣ್ಣೆ ಕುಡಿಯುವದರಲ್ಲಿ ಪರಮ ಸಂಯಮಿ. ಆದರೆ ಆರೂವರೆ ಕುದುರೆಗಳಿಗೆ ತೊಟ್ಟಿಲನ್ನು ಎಳೆಯಿರೆಂದು ಹೇಳುವದು ಕರುಣೆಯುಳ್ಳವರ ಮಾತಲ್ಲ. ಆ ಗಾಡಿಯ ತಯಾರಿಕೆಯೂ ನಿಂತು ಎಷ್ಟೋ ಕಾಲವಾಯಿತು.

ಕೊನೆಗೆ ಉಳಿದದ್ದು ಗಾಳಿ. ಗಾಳಿಯ ತಡೆಯು ವೇಗದ ವರ್ಗಕ್ಕನುಸಾರವಾಗಿ ಹೆಚ್ಚುವದು. ಗಂಟೆಗೆ 40 ಕಿ.ಮೀ.ನಲ್ಲಿ ಹೋಗುವಾಗ ಇರುವ ತಡೆಯು 60ರಲ್ಲಿ ಎರಡೂಕಾಲು ಪಟ್ಟಾಗುವದು. ಒಂಟಿ ಸವಾರನು ಗಾಳಿಯನ್ನು ಸೀಳಿಕೊಂಡು ಹೋಗುವನು. ತೊಟ್ಟಿಲಿನ ಗಾಡಿಯು ಗಾಳಿಯನ್ನು ಬಾಗಿಲಿನಂತೆ ತಳ್ಳಿಕೊಂಡು ಹೋಗುವದು. 1978ರಲ್ಲಿ ಸ್ಥಾಪಿತವಾದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನ ಸಂಘದವರು ಗಂಟೆಗೆ 45ರಿಂದ 55 ಕಿ.ಮೀ. ವೇಗವು ಮಿತವ್ಯಯದ್ದೆಂದು ಬಹುದಿನಗಳಿಂದ ಹೇಳುತ್ತ ಬಂದಿರುವರು. ನಾನು ಮೊದಲು ಓಡಿಸುತ್ತಿದ್ದದ್ದು 55ರಲ್ಲಿ, ಅವರ ಮೇಲಿನ ಮಿತಿಯಲ್ಲಿ. ನನ್ನ ಅಗಲ ಗಾಡಿಗೆ ಕೆಳಗಿನ ಮಿತಿಯೂ ತುಸು ಹೆಚ್ಚೆಂದೆಣಿಸಿ 43ಕ್ಕೆ ಇಳಿದೆನು.

ಇಳಿದೆನೆಂದು ಹೇಳುವದು ಸುಲಭ. ಮೂಡಲಗಿಗೆ ಒಂದು ಗಂಟೆ ಹತ್ತು ನಿಮಿಷಕ್ಕೆ ಮುಟ್ಟುತ್ತಿದ್ದವನು ಒಂದೂವರೆ ಗಂಟೆಗೆ ಮುಟ್ಟಬೇಕು. ಹಾಲಿನ ಕ್ಯಾನು ಹೇರಿಕೊಂಡ ಹುಡುಗರು ಸಹ ಹಾರ್ನು ಹೊಡೆದು ಮುಂದೆ ಹೋಗುವರು. ಮೊದಲ ವಾರ ಕೈಯು ತಾನಾಗಿಯೇ ಎಕ್ಸಲೇಟರನ್ನು ತಿರುವುತ್ತಿತ್ತು. ಅದನ್ನು ನಿಲ್ಲಿಸಿದವರು ನಮ್ಮ ಮನೆಯವರು. ವೇಗವು 45 ದಾಟಿದರೆ ತೊಟ್ಟಿಲಿನ ಅಂಚನ್ನು ಬಳೆಯಿಂದ ಎರಡು ಸಲ ತಟ್ಟುವರು. ಅವರಿಗೆ ಮೀಟರು ಕಾಣುವದಿಲ್ಲ. ತೊಡೆಯ ಎಲುಬಿಗೆ ಬರುವ ನಡುಕದಿಂದ ವೇಗವನ್ನು ತಿಳಿಯುವರು, ಮತ್ತು ಎರಡು ಕಿಲೋಮೀಟರಿಗಿಂತ ಹೆಚ್ಚು ತಪ್ಪಿದ್ದನ್ನು ನಾನು ಕಂಡಿಲ್ಲ. ಇಷ್ಟು ವರ್ಷ ಈ ನಡುಕವನ್ನು ಅವರು ಬಾಯಿಬಿಟ್ಟು ಹೇಳಿರಲಿಲ್ಲ. ನಿಧಾನವಾದ ಮೇಲೆ ಕಾಲುವೆಯ ನೀರಾವರಿಯ ಸೀಮೆಯಲ್ಲಿ ಯಾರ ಹೊಲದಲ್ಲಿ ಗೋವಿನಜೋಳ, ಯಾರದರಲ್ಲಿ ಕುಳೆಕಬ್ಬು, ಯಾವ ಹಳ್ಳಕ್ಕೆ ಬೆಳ್ಳಕ್ಕಿ ಬಂದಿವೆ ಎಂದೆಲ್ಲ ದಾರಿಯುದ್ದಕ್ಕೂ ವರದಿ ನಡೆಯುವದು. ಮೊದಲು ಗಾಳಿಯ ಸದ್ದಿನಲ್ಲಿ ನಮಗೆ ಮಾತೇ ಕೇಳಿಸುತ್ತಿರಲಿಲ್ಲ.

ನಾಲ್ಕು ಸಲದ ಸರಾಸರಿ 27.5 ಎಂದು ವಹಿಯಲ್ಲಿ ಮಸಿಯಿಂದ ಬರೆದಿರುವೆನು. ಹತ್ತು ಲೀಟರಿಗೆ 275: ಮೂಡಲಗಿಗೆ ಎರಡು ಸಲ ಹೋಗಿ ಬಂದು ಇನ್ನೂ 15 ಕಿ.ಮೀ. ಉಳಿಯುವದು. ಹೊರಡುವಾಗ ಅತ್ತೆಯವರು “ಮತ್ತ ಯಾವಾಗ ಬರ್ತೀರಿ?” ಎಂದು ಕೇಳಿದರೆ ನಮ್ಮ ಮನೆಯವರು ಮೊದಲು ನನ್ನ ಮುಖ ನೋಡುತ್ತಿದ್ದರು. ಈಗ ನೋಡುವದಿಲ್ಲ, ಹದಿನೈದು ದಿನಕ್ಕೆ ಎಂದು ತಾಯಿಯ ಅಂಗೈಯಲ್ಲಿ ಬೆರಳಿನಿಂದ ಎಣಿಸಿ ತೋರಿಸುವರು.

ಇನ್ನೊಂದು ಕಿಲೋಮೀಟರು ಉಳಿಸಲು ಎಡೆಯಿದೆ. ತೊಟ್ಟಿಲಿನ ಮುಂದಿನ ಗಾಜನ್ನು ಒಂದು ಗೇಣು ಕತ್ತರಿಸಿ ತಗ್ಗಿಸಿದರೆ ಗಾಳಿಯ ತಡೆ ಕಡಿಮೆಯಾಗುವದು, ಮಿಸ್ತ್ರಿಯೂ ಸಿದ್ಧನಿರುವನು. ಆದರೆ ಕಬ್ಬಿನ ಹಂಗಾಮಿನ ಧೂಳೆಲ್ಲ ಅವರ ಕಣ್ಣಿಗೆ ಬೀಳುವದು. ಗಾಜು ಇದ್ದಂತೆಯೇ ಇರಲೆಂದು ಮಿಸ್ತ್ರಿಗೆ ತಿಳಿಸಿರುವೆನು.