ಕ್ಲಚ್ ಗಟ್ಟಿ ಮಾಡಿಸೋ ಮುಂಚೆ ಒಂದು ಮಾತು

ಕಬ್ಬು ಸಾಗಿಸೋ ಕಾಲ ಬಂತು. ಕುಂತೂರು ರಸ್ತೇಲಿ ಟ್ರೈಲರ್ ಸಾಲು ಶುರುವಾಗದೆ. ಈ ವಾರ ಇಬ್ರು ಫೋನ್ ಮಾಡಿ, "ಅಣ್ಣ, ನಿಮ್ಮ ಟ್ರಾಕ್ಟರ್‌ಗೆ ಬಟನ್ ಪ್ಲೇಟ್ ಹಾಕ್ಸಿದ್ರಂತಲ್ಲ, ಹೆಂಗದೆ?" ಅಂತ ಕೇಳಿದ್ರು. ಅರ್ಧಂಬರ್ಧ ಹೇಳ್ದೆ. ಪೂರ್ತಿ ಕತೆ ಇಲ್ಲಿ ಬರೀತೀನಿ, ನನ್ನ ತಪ್ಪನ್ನೂ ಸೇರಿಸಿ.

ನಮ್ಮದು ಎರೆ ಮಣ್ಣು. ಮಳೆ ಬಿದ್ದ ಮಾರನೇ ದಿನ ಗದ್ದೆಯಿಂದ ಲೋಡು ಈಚೆಗೆ ತರೋದು ಅಂದ್ರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಇಂಜಿನ್ ಕೂಗ್ತದೆ, ಚಕ್ರ ತಿರುಗಲ್ಲ, ಕಾಲ ಕೆಳಗಿಂದ ಕಮಟು ವಾಸನೆ ಮೂಗಿಗೆ ಹೊಡೀತದೆ. ಕೊಳ್ಳೇಗಾಲದಲ್ಲಿ ಟ್ರಾಕ್ಟರ್‌ನ ಎರಡು ಭಾಗ ಮಾಡಿ ನೋಡಿದ್ರೆ ಪ್ಲೇಟಿನ ಲೈನಿಂಗ್ ಸವೆದು ರಿವಿಟ್ಟು ಫ್ಲೈವೀಲನ್ನ ಗೀರಿತ್ತು. ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗು, ಕೂಲಿ ಎಲ್ಲ ಸೇರಿ 14,000 ರೂಪಾಯಿ. ಹನ್ನೊಂದು ತಿಂಗಳಿಗೆ ಅದೇ ವಾಸನೆ ಮತ್ತೆ ಬಂತು.

ಆಗ ನಮ್ಮಣ್ಣನ ಮಗ ಮೊಬೈಲಲ್ಲಿ ಒಂದು ವಿಡಿಯೋ ತೋರಿಸಿದ. ಅಮೆರಿಕದಲ್ಲಿ ದೊಡ್ಡ ಪಿಕಪ್ ಗಾಡಿ ಇಟ್ಕೊಂಡಿರೋರು ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿ, ಒಳಗಿನ ಸಾಮಾನು ಬದಲಾಯಿಸಿ, ಗೇರು ಠಕ್ ಅಂತ ಬೀಳೋ ಹಂಗೆ ಮಾಡ್ಕೋತಾರೆ. ಆ ಗಾಡೀಲಿ ಕ್ಲಚ್ ಪೆಡಲ್ ಇರಲ್ಲ, ಆದ್ರೆ ಕ್ಲಚ್ ಇರ್ತದೆ. ಆಯಿಲ್‌ನಲ್ಲಿ ನೆನೆದ ತೆಳು ಪ್ಲೇಟುಗಳ ಕಟ್ಟು. ಆಯಿಲ್ ಒತ್ತಡವೇ ಅವನ್ನ ಒತ್ತಿ ಹಿಡಿಯೋದು. ಆ ಒತ್ತಡ ಜಾಸ್ತಿ ಮಾಡಿ, ಒಳ್ಳೆ ಪ್ಲೇಟು ಹಾಕಿದ್ರೆ ಜಾರೋ ಹೊತ್ತು ಕಮ್ಮಿ ಆಗ್ತದೆ. ಜಾರೋದು ಕಮ್ಮಿ ಆದ್ರೆ ಬಿಸಿ ಕಮ್ಮಿ, ಪ್ಲೇಟು ಬಾಳಿಕೆ ಬರ್ತದೆ. "ನಮ್ಮ ಗಾಡಿಗೂ ಇದೇ ಕಾಯಿಲೆ ಅಲ್ವಾ ಚಿಕ್ಕಪ್ಪ?" ಅಂದ. ನನಗೂ ಹೌದು ಅನ್ನಿಸ್ತು.

ನಮ್ಮ ಟ್ರಾಕ್ಟರ್‌ಗೆ ಅದಕ್ಕೆ ಸಮ ಅಂದ್ರೆ ಬಟನ್ ಪ್ಲೇಟು. ಮಾಮೂಲಿ ಪ್ಲೇಟಲ್ಲಿ ಸುತ್ತಲೂ ಲೈನಿಂಗ್ ಇರ್ತದೆ, ಅದು ಮೊದಲು ಸ್ವಲ್ಪ ಜಾರಿ ಆಮೇಲೆ ಹಿಡೀತದೆ. ಬಟನ್ ಪ್ಲೇಟಲ್ಲಿ ತಾಮ್ರದ ಪುಡಿ, ಸೆರಾಮಿಕ್ ಸೇರಿಸಿ ಒತ್ತಿ ಮಾಡಿದ ಬಿಲ್ಲೆಗಳು. ಬಿಸಿಯಾದ್ರೂ ಬೇಗ ಹಿಡಿತ ಬಿಡಲ್ಲ, ಆದ್ರೆ ಹಿಡಿಯೋವಾಗ ಸಾವಕಾಶ ಇಲ್ಲ. ಒಂದೇ ಸಲ ಕಚ್ಚಿಬಿಡ್ತದೆ. ಮೆಕ್ಯಾನಿಕ್ಕು ವಯಸ್ಸಾದ ಮನುಷ್ಯ. "ಹಾಕ್ಕೊಡ್ತೀನಿ. ಕಾಲು ಹಗುರ ಇರೋರಿಗೆ ಮಾತ್ರ ಇದು" ಅಂದ್ರು. ನಾನು ಯಾಕೆ ಅಂತ ಕೇಳಬೇಕಿತ್ತು, ಕೇಳ್ಲಿಲ್ಲ. ಜೊತೆಗೆ ಗಟ್ಟಿ ಸ್ಪ್ರಿಂಗಿನ ಪ್ರೆಶರ್ ಪ್ಲೇಟೂ ಹಾಕ್ಸಿದೆ.

ಮೊದಲ ತಿಂಗಳು ರಾಜಯೋಗ. ಕುಂತೂರಿಗೆ ಕಬ್ಬು ಹೊಡೆದೋ, ಹನೂರು ಕಡೆ ನೆಂಟರ ಮುಸುಕಿನ ಜೋಳ ಹೊಡೆದೋ. ವಾಸನೆ ಇಲ್ಲ, ಜಾರೋದಿಲ್ಲ. ಸಿಕ್ಕಿದವರಿಗೆಲ್ಲ ಹಾಕ್ಸಿ ಅಂತ ಹೇಳ್ದೆ. ಆ ಮಾತು ವಾಪಸ್ ತಗೊಳ್ಳೋಕೇ ಇದನ್ನ ಬರೀತಾ ಇರೋದು.

ಆಮೇಲೆ ಒಂದೊಂದೇ ಕಾಣಿಸ್ತು. ಪೆಡಲ್ ಭಾರ, ಸಂಜೆಗೆ ಎಡಮಂಡಿ ನೋವು. ಹೊರಡುವಾಗ ಕುಕ್ಕು. ಟ್ರೈಲರ್ ಕೊಂಡಿಯ ಪಿನ್ನು ಸೊಟ್ಟಗಾಯ್ತು, ತೂತು ಉದ್ದಕ್ಕೆ ಸವೀತು. ರೋಟವೇಟರ್ ಕಟ್ಟೋಕೆ ಒಂದು ಗೇಣು ಹಿಂದಕ್ಕೆ ಬಿಡೋದೂ ಕಷ್ಟ, ಜಿಗಿದುಬಿಡ್ತಿತ್ತು. ಕ್ಲಚ್ ಗಟ್ಟಿಯಾಯ್ತು ಅಂತ ಮಿಕ್ಕಿದ್ದೆಲ್ಲ ಗಟ್ಟಿಯಾಗಲ್ಲವಲ್ಲ. ಮುಂಚೆ ಕ್ಲಚ್ ತಿಂತಾ ಇದ್ದ ಪೆಟ್ಟು ಈಗ ಗೇರಿಗೆ, ಕ್ರೌನ್ ಪಿನಿಯನ್‌ಗೆ, ಕೊಂಡಿಗೆ ಬೀಳ್ತಾ ಇತ್ತು.

ನಿಜವಾದ ಪಾಠ ಆಗಿದ್ದು ಯಳಂದೂರು ಕಡೆ, ಕಾಲುವೆ ಪಕ್ಕದ ಒಂದು ಗದ್ದೇಲಿ. ನೆಂಟರ ಟ್ರೈಲರ್ ಲೋಡಿನ ಸಮೇತ ಹೂತಿತ್ತು. ಎಳೆಯೋಕೆ ನಮ್ಮ ಟ್ರಾಕ್ಟರ್ ಹೋಯ್ತು. ಸೀಟಲ್ಲಿ ಅಣ್ಣನ ಮಗ. ಸರಪಳಿ ಕಟ್ಟಿದ್ದು ನಾನೇ. ಕೆಳಗಿನ ಡ್ರಾಬಾರ್‌ಗೆ ಕಟ್ಟಬೇಕಿತ್ತು, ಕೆಸರಲ್ಲಿ ಬಗ್ಗೋಕೆ ಬೇಜಾರಾಗಿ ಮೇಲೆ ಟಾಪ್ ಲಿಂಕ್ ಹತ್ರ ಕಟ್ಟಿದೆ. ಅವನು ಲೋ ಫಸ್ಟಲ್ಲಿ ಹಾಕಿ, ರೈಸ್ ಮಾಡಿ, ಕಾಲು ತೆಗೆದ.

ಹಳೇ ಪ್ಲೇಟ್ ಆಗಿದ್ರೆ ಜಾರಿ ನಾತ ಹೊಡೀತಿತ್ತು, ಅಷ್ಟೇ. ಇದು ಕಚ್ತು. ಹಿಂದಿನ ಚಕ್ರ ಕೆಸರಲ್ಲಿ ಕಚ್ಕೊಂಡಿದ್ರೆ ತಿರುಗೋಕೆ ಆಗಲ್ಲ. ಆಗ ಇಂಜಿನ್ ಬಲ ಚಕ್ರ ತಿರುಗಿಸೋ ಬದಲು ಟ್ರಾಕ್ಟರನ್ನೇ ಆಕ್ಸಲ್ ಸುತ್ತ ಹಿಂದಕ್ಕೆ ತಿರುಗಿಸ್ತದೆ. ಸರಪಳಿ ಮೇಲೆ ಕಟ್ಟಿದ್ರೆ ಅದೂ ಹಿಂದಕ್ಕೇ ಎಳೀತದೆ. ಮುಂದಿನ ಚಕ್ರ ನನ್ನ ಎದೆ ಮಟ್ಟಕ್ಕೆ ಎದ್ದೋಯ್ತು. ನಾನು ಕೂಗಿದ್ದು ನನಗೇ ಕೇಳಿಸ್ಲಿಲ್ಲ. ಹುಡುಗ ಅದ್ಹೆಂಗೋ ಕ್ಲಚ್ ತುಳಿದ. ಧಡ್ ಅಂತ ಮುಂಭಾಗ ಕೆಳಕ್ಕೆ ಬಿತ್ತು. ಎಲ್ಲ ಸೇರಿ ಎರಡು ಸೆಕೆಂಡೂ ಇಲ್ಲ. ಇನ್ನೊಂದು ಚೂರು ತಡ ಆಗಿದ್ರೆ ಟ್ರಾಕ್ಟರ್ ಅವನ ಮೇಲೆ ಮಗುಚ್ತಿತ್ತು.

ಅವರಪ್ಪ, ನಮ್ಮಣ್ಣ, ಬದಿನ ಮೇಲೆ ನಿಂತಿದ್ದ. ಒಂದು ಮಾತೂ ಆಡ್ಲಿಲ್ಲ. ಟವಲ್ಲು ಕೊಡವಿ ಹೆಗಲ ಮೇಲೆ ಹಾಕ್ಕೊಂಡು ರಸ್ತೆ ಕಡೆ ನಡೆದ. ನನಗೆ ನಾಲ್ಕು ಬೈದಿದ್ರೆ ವಾಸಿಯಾಗಿತ್ತು.

ಪಂಪ್‌ಸೆಟ್ ಫ್ಯೂಸ್ ಪದೇ ಪದೇ ಹೋಗ್ತದೆ ಅಂತ ದಪ್ಪ ತಂತಿ ಹಾಕ್ತೀವಲ್ಲ, ನಾನು ಮಾಡಿದ್ದು ಅದೇ. ಫ್ಯೂಸ್ ಉಳೀತದೆ, ಮೋಟ್ರು ಸುಡ್ತದೆ. ಕ್ಲಚ್ ಜಾರೋದು ಪ್ಲೇಟಿನ ದೋಷ ಅಂದ್ಕೊಂಡಿದ್ದೆ. ಲೋಡು ಜಾಸ್ತಿ ಆಯ್ತು, ನೆಲ ಹಸಿ ಅದೆ, ನಿನ್ನ ಕಾಲು ಸರಿ ಇಲ್ಲ ಅಂತ ಅದು ಹೇಳ್ತಾ ಇತ್ತು. ನಾನು ಅದರ ಬಾಯಿ ಕಟ್ಟಿದೆ.

ಆ ಕಬ್ಬು ಮುಗಿದ ಮೇಲೆ ಮಾಮೂಲಿ ಪ್ಲೇಟ್ ವಾಪಸ್ ಹಾಕ್ಸಿದೆ. ಈಗ ಎರಡನೇ ಕಬ್ಬಿನ ಕಾಲ, ವಾಸನೆ ಬಂದಿಲ್ಲ. ಬದಲಾಗಿರೋದು ನಮ್ಮ ಅಭ್ಯಾಸ. ಓಡಿಸುವಾಗ ಎಡಗಾಲು ಪೆಡಲ್ ಮೇಲೆ ಇಡೋದು ಬಿಟ್ವಿ. ಬರೀ ಕಾಲಿನ ಭಾರಕ್ಕೂ ಪ್ಲೇಟು ಜಾರ್ತದೆ, ಬೇರಿಂಗೂ ಸವೀತದೆ. ಲೈನಿಂಗ್ ಸವೆದಂಗೆಲ್ಲ ಪೆಡಲ್‌ನ ಫ್ರೀ ಪ್ಲೇ ಕಮ್ಮಿ ಆಗ್ತದೆ, ಅದನ್ನ ಆಗಾಗ ನೋಡಿ ಸರಿ ಮಾಡ್ಬೇಕು. ಅಳತೆ ನಿಮ್ಮ ಗಾಡಿ ಪುಸ್ತಕದಲ್ಲಿ ಅದೆ. ಏರಲ್ಲಿ ಆಫ್ ಕ್ಲಚ್ಚಲ್ಲಿ ನಿಲ್ಲಿಸ್ಕೋಬೇಡಿ, ಬ್ರೇಕ್ ಹಿಡೀರಿ. ಹಸಿ ಗದ್ದೇಲಿ ಅರ್ಧ ಲೋಡು ತುಂಬಿ, ಮಿಕ್ಕಿದ್ದು ರಸ್ತೇಲಿ ತುಂಬಿ. ಕೂಲಿ ಜಾಸ್ತಿ ಆಗ್ತದೆ, ನಿಜ. 14,000 ಆಗಲ್ಲ.

ಟ್ರಾಕ್ಟರ್ ಹೂತ್ರೆ ಮೊದಲು ರಿವರ್ಸಲ್ಲಿ ಈಚೆಗೆ ತೆಗೆಯೋಕೆ ನೋಡಿ, ಆಗ ಮುಂಭಾಗ ಮೇಲೇಳಲ್ಲ. ಸರಪಳಿ ಯಾವತ್ತೂ ಕೆಳಗಿನ ಡ್ರಾಬಾರ್‌ಗೇ ಕಟ್ಟಿ. ಬೆನ್ನು ನೋವಾದ್ರೂ ಬಗ್ಗಿ.

ಬಟನ್ ಪ್ಲೇಟು ಕೆಟ್ಟದ್ದು ಅಂತ ನಾನು ಹೇಳ್ತಾ ಇಲ್ಲ. ಲೋಡರ್ ಕೆಲಸಕ್ಕೆ, ವರ್ಷಪೂರ್ತಿ ರಸ್ತೇಲಿ ಭಾರ ಎಳೆಯೋರಿಗೆ, ಪಳಗಿದ ಒಬ್ಬನೇ ಓಡಿಸೋ ಗಾಡಿಗೆ ಸರಿಹೋಗ್ತದೆ. ನಮ್ಮಂಗೆ ಉಳೋದಕ್ಕೂ ಅದೇ, ಸಾಗಿಸೋದಕ್ಕೂ ಅದೇ, ಮನೇಲಿ ಮೂರು ಜನ ಓಡಿಸೋ ಗಾಡಿಗೆ ಬೇಡ.

ನಮ್ಮ ಹುಡುಗ ಈಗ ಗೇರ್ ಹಾಕಿ ಹೊರಟ ಮೇಲೆ ಎಡಗಾಲು ತೆಗೆದು ಫುಟ್‌ಬೋರ್ಡ್ ಮೇಲೆ ಇಡ್ತಾನೆ. ಸರಪಳಿ ಎಲ್ಲಿ ಕಟ್ಟಿದೆ ಅಂತ ಇಳಿದು ನೋಡೇ ಸೀಟ್ ಹತ್ತೋದು, ಕಟ್ಟಿದ್ದು ನಾನಾಗಿದ್ರೂ ಸರಿ. ನನಗೆ ಬೇಜಾರಿಲ್ಲ.

ಬಟನ್ ಪ್ಲೇಟ್ ಹಾಕ್ಸಿ ಚೆನ್ನಾಗಿ ಓಡಿಸ್ತಾ ಇರೋರು ಇದ್ರೆ ನಿಮ್ಮ ಅನುಭವ ಬರೀರಿ, ಎಲ್ಲರಿಗೂ ಗೊತ್ತಾಗ್ಲಿ.